ಅರವತ್ತು ದಾಟದ ಮುಳ್ಳು

ಏನನ್ನು ಓದಬೇಕಾದರೂ ಮೇಡಂ ಎಡಗಣ್ಣು ಮುಚ್ಚಿ, ಗಲ್ಲವನ್ನು ಆ ವಸ್ತುವಿನ ಮಟ್ಟಕ್ಕೆ ಇಳಿಸುತ್ತಿದ್ದರು. ಜ್ವರದ ಥರ್ಮಾಮೀಟರ್ ಇರಲಿ, ಅಳತೆ ಲೋಟದ ಹಾಲಿರಲಿ, ಗೇಟಿನ ಪಕ್ಕದ ಕರೆಂಟ್ ಮೀಟರ್ ಇರಲಿ, ಅದೇ ಭಂಗಿ. ಎತ್ತರದ ಹೆಂಗಸು. ಮೀಟರ್ ಮುಂದೆ ಮಂಡಿ ಬಗ್ಗಿಸಿ ನಿಂತಾಗ, ಏನೋ ಬೀಳಿಸಿಕೊಂಡು ಹುಡುಕುತ್ತಿದ್ದಾರೆ ಎಂದು ದಾರಿಹೋಕರು ತಾವೂ ನೆಲ ನೋಡುತ್ತಿದ್ದರು.

ಪಿಯುಸಿಯಲ್ಲಿ ನನಗೆ ಭೌತಶಾಸ್ತ್ರ ಕಲಿಸಿದವರು ಅವರು. ಬಸವೇಶ್ವರನಗರದಲ್ಲಿ ನಮ್ಮ ಮನೆಯ ಸಾಲಿನಲ್ಲೇ ಅವರ ಮನೆ. ಲ್ಯಾಬಿನಲ್ಲಿ ಯಾರ ಉತ್ತರವಾದರೂ ತಪ್ಪಿದರೆ ಒಂದೇ ಮಾತು: "ಮುಳ್ಳು ಸುಳ್ಳು ಹೇಳಲ್ಲ ಕಣ್ರೇ. ಓದೋರು ಹೇಳ್ತಾರೆ." ನಾವು ಅದನ್ನು ಅವರ ದನಿಯಲ್ಲೇ ಅಣಕಿಸುತ್ತಿದ್ದೆವು. ಪರೀಕ್ಷೆಯಲ್ಲಿ ಮಾತ್ರ ಎಲ್ಲರೂ ಎಡಗಣ್ಣು ಮುಚ್ಚುತ್ತಿದ್ದೆವು.

ನಾನು ಹೆಚ್ಚು ಮಾತಿನವಳಲ್ಲ. ಮೇಡಂಗೆ ಅದು ಅನುಕೂಲವೇ ಆಗಿತ್ತು. ನಿವೃತ್ತರಾದ ಮೇಲೂ ಎಲ್ಲಿಗಾದರೂ ಹೊರಟರೆ ನನ್ನನ್ನು ಪಕ್ಕದ ಸೀಟಿಗೆ ಕರೆಯುತ್ತಿದ್ದರು. ಹಳೆಯ ಬಿಳಿ ಕಾರು. ಅದರ ತಳ ನಮ್ಮ ರಸ್ತೆಯ ಹಂಪುಗಳಿಗೆ ತಾಗಿ ಕೆರೆಯುತ್ತಿತ್ತೆಂದು, ನಾಯಂಡಹಳ್ಳಿಯ ಟಯರ್ ಅಂಗಡಿಯಲ್ಲಿ ನಾಲ್ಕೂ ಚಕ್ರಗಳನ್ನು ಎರಡು ಸೈಜ್ ದೊಡ್ಡದು ಹಾಕಿಸಿದ್ದರು. ಗಾಡಿ ಎಷ್ಟು ಮೇಲೇಳುತ್ತದೆ ಎಂದು ಮೊದಲೇ ಲೆಕ್ಕ ಹಾಕಿ, ಹಾಕಿಸಿದ ಮೇಲೆ ಸ್ಕೇಲು ಹಿಡಿದು ನೋಡಿ, ಕೂದಲೆಳೆಯಷ್ಟೂ ತಪ್ಪಿಲ್ಲ ಎಂದು ಅಂಗಡಿಯವನಿಗೇ ತೋರಿಸಿ ಬಂದಿದ್ದರು.

ಚಕ್ರ ಬದಲಿಸಿದ ವರ್ಷದ ಗೌರಿ ಹಬ್ಬದಂದು ನಾನು ಅವರ ಮನೆಯಲ್ಲಿದ್ದೆ. ಲಗ್ಗೆರೆಯಿಂದ ಅವರ ತಮ್ಮ ಪ್ರತಿ ವರ್ಷದಂತೆ ತವರಿನ ಬಾಗಿನ ತಂದಿದ್ದರು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ, ನಗುಮುಖದ ಮನುಷ್ಯ. ಹಿಂದಿನ ವಾರ ಮಗಳನ್ನು ಗಂಡಿನ ಮನೆಯವರಿಗೆ ತೋರಿಸಲು ಅಕ್ಕನ ಕಾರು ಕೇಳಿ ಒಯ್ದಿದ್ದರು. ಆ ಬೀಗರಾಗುವವರೂ ಅಂದು ಊಟಕ್ಕೆ ಬಂದಿದ್ದರು. ಎಲೆಯ ಮುಂದೆ ಕುಳಿತಾಗ ಮೇಡಂ ಫೋನಿಗೆ ಸಂಚಾರ ಪೊಲೀಸರ ಸಂದೇಶ ಬಂತು: ಅತಿವೇಗದ ಚಾಲನೆ, ದಂಡ.

"ಇದೇನೋ ಇದು?"

"ಅಕ್ಕ, ನಾನು ನೋಡ್ಕೊಂಡೇ ಓಡ್ಸಿದೀನಿ. ಅರವತ್ತು ದಾಟಿಲ್ಲ, ದೇವ್ರಾಣೆ."

"ಮುಳ್ಳು ಸುಳ್ಳು ಹೇಳಲ್ಲ ಕಣೋ. ನಿನ್ನ ಬಾಯಿ ಹೇಳತ್ತೆ. ಚಿಕ್ಕಂದಿನಿಂದ ಹೀಗೇ ನೀನು."

ಯಾರೂ ನಗಲಿಲ್ಲ. ಬೀಗರು ಎಲೆ ನೋಡಿಕೊಂಡರು. ಪಾಯಸ ಬಡಿಸುವ ಮೊದಲೇ ತಮ್ಮ ಎದ್ದು ಕೈತೊಳೆದು ಹೊರಟುಹೋದರು. ಮುಂದಿನ ವರ್ಷ ಬಾಗಿನ ಬಂತು, ಅವರು ಬರಲಿಲ್ಲ. ಹೆಂಡತಿಯ ಕೈಯಲ್ಲಿ ಕಳಿಸಿದ್ದರು. ಅದರ ಮುಂದಿನ ವರ್ಷವೂ ಹಾಗೇ. ಮೇಡಂ ಆ ಮೊರವನ್ನು ತೆಗೆದುಕೊಂಡು ಒಳಗಿಟ್ಟು, ಅವನು ಹೇಗಿದ್ದಾನೆ ಎಂದು ಕೇಳದೆ, ಕಾಫಿ ಕುಡೀತೀಯಾ ಎಂದು ಮಾತ್ರ ಕೇಳುತ್ತಿದ್ದರು.

ಹೋದ ವರ್ಷ ಮೇಡಂ ತಾವೇ ಓಡಿಸಿದ್ದಕ್ಕೂ ಅಂಥದೇ ನೋಟಿಸು ಬಂತು. ಕೆಂಗೇರಿಯಿಂದ ವಾಪಸಾಗುವಾಗ ಅರವತ್ತರ ಮಿತಿಯಿರುವ ಮೈಸೂರು ರಸ್ತೆಯಲ್ಲಿ ಅರವತ್ತಾರು. ಆ ದಿನ ನಾನು ಪಕ್ಕದಲ್ಲಿದ್ದೆ. ಖಾಲಿ ರಸ್ತೆ ಸಿಕ್ಕಿದಾಗ ಅವರು ನನ್ನಿಂದಲೂ ಸ್ಪೀಡೋಮೀಟರಿನ ಮುಳ್ಳನ್ನು ಓದಿಸುತ್ತಿದ್ದರು. ಅದು ಅರವತ್ತರ ಕೆಳಗೇ ಇತ್ತು. ನನಗೆ ಸಿಟ್ಟಿಗಿಂತ ಗಾಬರಿಯಾಯಿತು. ಕಣ್ಣಾರೆ ಕಂಡದ್ದನ್ನು ಒಂದು ಯಂತ್ರ ಸುಳ್ಳು ಎನ್ನುತ್ತಿತ್ತು.

"ನಡಿ ಹೋಗೋಣ, ಕೇಳೋಣ," ಎಂದರು. ಠಾಣೆಗೆ ಹೋಗುವ ದಾರಿಯುದ್ದಕ್ಕೂ ಪಾಠ. "ಗೋಡೆಗೆ ಒಂದೇ ಸಮ ಚೆಂಡು ಎಸೀತಾ ಇರು. ಒಂದೇ ಸಮ ವಾಪಸ್ ಬರತ್ತೆ. ಆ ಗೋಡೇನೇ ನಿನ್ನ ಕಡೆ ನಡ್ಕೊಂಡು ಬಂದ್ರೆ? ಚೆಂಡು ಬೇಗ ಬೇಗ ಬರತ್ತೆ. ರೇಡಾರ್ ಗನ್ ಎಸೆಯೋದು ಅಲೆ, ಗೋಡೆ ಅಂದ್ರೆ ನಮ್ಮ ಕಾರು. ವಾಪಸ್ ಬರೋ ಅಲೆ ಎಷ್ಟು ಒತ್ತೊತ್ತಾಗಿದೆ ಅನ್ನೋದ್ರಲ್ಲಿ ವೇಗ ಸಿಗತ್ತೆ. ಆದ್ರೆ ಅವರು ನಿಂತ ಜಾಗ, ಪಕ್ಕದ ಗಾಡಿ, ಇದೆಲ್ಲಾ ಕೇಳ್ಬೇಕು."

ಇನ್ಸ್‌ಪೆಕ್ಟರ್ ಎದ್ದು ಕುರ್ಚಿ ಕೊಟ್ಟರು. ಫೋಟೋ ತೋರಿಸಿದರು. ರಸ್ತೆಯಲ್ಲಿ ನಮ್ಮ ಕಾರು ಒಂದೇ ಇತ್ತು. ಗನ್ನನ್ನು ಪರೀಕ್ಷಿಸಿದ ಸರ್ಟಿಫಿಕೇಟ್ ತೋರಿಸಿದರು. ಅದೂ ಸರಿಯಾಗಿತ್ತು.

"ನಿಮ್ಮ ಗಾಡಿ ಎಲ್ಲಿ ನಿಂತಿತ್ತು?"

"ರೋಡ್ ಪಕ್ಕ ಮೇಡಂ, ಎಡಗಡೆ ಮರದ ಕೆಳಗೆ."

ಮೇಡಂ ನೋಟಿಸಿನ ಬೆನ್ನಿಗೆ ತ್ರಿಕೋನ ಬರೆಯತೊಡಗಿದರು. "ನೀವು ಓರೆಯಾಗಿ ನಿಂತಿದ್ರಿ. ಗನ್‌ಗೆ ಪೂರ್ತಿ ವೇಗ ಕಾಣಲ್ಲ. ಅದರ ಕಡೆಗೆ ಬರೋ ಭಾಗ ಮಾತ್ರ ಕಾಣತ್ತೆ. ಹಾಗಾಗಿ ಅದು ತೋರ್ಸೋದು..." ಪೆನ್ನು ನಿಂತಿತು. ಇಷ್ಟು ವರ್ಷ ಬೋರ್ಡಿನ ಮುಂದೆ ಅವರು ವಾಕ್ಯವೊಂದನ್ನು ಅರ್ಧಕ್ಕೆ ನಿಲ್ಲಿಸಿದ್ದನ್ನು ನಾನು ನೋಡಿರಲಿಲ್ಲ. "ಕಡಿಮೆ," ಎಂದರು ಮೆಲ್ಲಗೆ. "ಇದ್ದದ್ದಕ್ಕಿಂತ ಕಡಿಮೆ. ಅಂದ್ರೆ ನಾನು ಅರವತ್ತಾರಕ್ಕಿಂತ ಇನ್ನೂ ಜೋರಾಗಿ ಬರ್ತಿದ್ದೆ."

ಇನ್ಸ್‌ಪೆಕ್ಟರ್ ಮುಖ ಒರೆಸಿಕೊಂಡರು. "ಮೇಡಂ, ಎಲ್ಲರೂ ಕಮ್ಮಿ ಮಾಡಿ ಅಂತ ಬರ್ತಾರೆ. ನೀವು ಜಾಸ್ತಿ ಮಾಡಿ ಅಂತೀರಲ್ಲ. ಒಂದು ಕಾಫಿ ತರಿಸ್ಲಾ?"

ಕಾಫಿ ಬೇಡವೆಂದು ಹೊರಬಂದೆವು. ಮೇಡಂ ಕಾರು ಹತ್ತಲಿಲ್ಲ. ಅದರ ಸುತ್ತ ನಡೆಯುತ್ತಾ ತಮಗೆ ತಾವೇ ಎನ್ನುವಂತೆ ಹೇಳಿಕೊಂಡರು: "ಗನ್ ಸರಿ ಇದೆ. ನನ್ನ ಕಣ್ಣು ಸರಿ ಇದೆ, ನಿನ್ನ ಕಣ್ಣೂ ಸರಿ ಇದೆ." ಎರಡನೇ ಸುತ್ತಿನಲ್ಲಿ ಹಿಂದಿನ ಚಕ್ರದ ಮುಂದೆ ನಿಂತರು. "ಮುಳ್ಳಿಗೆ ವೇಗ ಗೊತ್ತಿಲ್ಲ ಕಣೇ. ಚಕ್ರ ಎಷ್ಟು ಸುತ್ತು ತಿರುಗ್ತು ಅನ್ನೋದು ಮಾತ್ರ ಗೊತ್ತು. ನಿನ್ನ ದುಪಟ್ಟಾ ಕೊಡು."

ಡಿಕ್ಕಿ ತೆಗೆಸಿ ಸ್ಟೆಪ್ನಿಯನ್ನು ಇಬ್ಬರೂ ಸೇರಿ ಹೊರಗಿಳಿಸಿದೆವು. ಅದೊಂದು ಮಾತ್ರ ಕಾರಿನ ಜೊತೆ ಬಂದ ಹಳೆಯ ಸೈಜಿನ ಚಕ್ರ. ಮೇಡಂ ಠಾಣೆಯ ಎದುರು ಮಂಡಿಯೂರಿ ಕುಳಿತು, ನನ್ನ ದುಪಟ್ಟಾವನ್ನು ಸ್ಟೆಪ್ನಿಗೆ ಒಂದು ಸುತ್ತು ಬಿಗಿಯಾಗಿ ಸುತ್ತಿ, ತುದಿ ಮುಟ್ಟಿದ ಜಾಗಕ್ಕೆ ಗಂಟು ಹಾಕಿದರು. ಆಮೇಲೆ ಅದನ್ನೇ ಒಯ್ದು ಕಾರಿನ ಹಿಂದಿನ ಚಕ್ರಕ್ಕೆ ಸುತ್ತಿದರು. ಅಡಿಯಲ್ಲಿ ತೂರಿಸಲು ನಾನು ಕಾರನ್ನು ತುಸು ಮುಂದಕ್ಕೆ ಉರುಳಿಸಬೇಕಾಯಿತು. ತುದಿ ಗಂಟನ್ನು ಮುಟ್ಟಲಿಲ್ಲ. ನಡುವೆ ಗೇಣಗಲದ ಕಪ್ಪು ರಬ್ಬರು ಕಾಣುತ್ತಿತ್ತು.

ಅವರು ಎಡಗಣ್ಣು ಮುಚ್ಚಿ ಆ ಅಂತರವನ್ನು ನೋಡಿದರು. ನೋಡುತ್ತಲೇ ಇದ್ದರು. ಒಂದೊಂದು ಸುತ್ತಿಗೂ ಅಷ್ಟಷ್ಟು ಹೆಚ್ಚು ದೂರ, ಮುಳ್ಳಿಗೆ ಗೊತ್ತಿಲ್ಲದ ದೂರ. ಗಾಡಿ ಎಷ್ಟು ಎತ್ತರವಾಗುತ್ತದೆಂದು ಲೆಕ್ಕ ಹಾಕಿದವರು ಇದನ್ನು ಲೆಕ್ಕ ಹಾಕಿರಲಿಲ್ಲ. ನಾನು ಮೀಟರನ್ನು ಸರಿಮಾಡಿಸೋಣ ಎಂದೇನೋ ಹೇಳಲು ಹೊರಟಿದ್ದೆ. ಅವರ ಮುಖದ ಬಣ್ಣ ಇಳಿದುಹೋಗಿತ್ತು.

"ಅವನು ಸುಳ್ಳು ಹೇಳಿರಲಿಲ್ಲ," ಎಂದರು.

ದಂಡವನ್ನು ಅಲ್ಲೇ ಕಟ್ಟಿದರು. ಕೀ ನನ್ನ ಕೈಗೆ ಕೊಟ್ಟು, "ಲಗ್ಗೆರೆಗೆ ನಡಿ. ಮುಳ್ಳು ಐವತ್ತು ದಾಟೋದು ಬೇಡ," ಎಂದರು. ದುಪಟ್ಟಾವನ್ನು ಗಂಟು ಬಿಚ್ಚದೆ ಮಡಿಲಲ್ಲಿಟ್ಟುಕೊಂಡಿದ್ದರು.

ತಮ್ಮ ನಮ್ಮನ್ನು ಕಂಡು ಬಾಗಿಲಲ್ಲೇ ನಿಂತರು. ಒಳಗೆ ಅವರ ಮಗಳು, ಅಳಿಯ, ಆ ಬೀಗರೂ ಇದ್ದರು. ಭಾನುವಾರವಾಗಿತ್ತು. ಮೇಡಂಗೆ ಅದೇ ಬೇಕಿತ್ತು ಎನ್ನಿಸುತ್ತದೆ. ಯಾರ ಮುಂದೆ ಅಂದಿದ್ದರೋ ಅವರ ಮುಂದೆಯೇ ಹೇಳಬೇಕಿತ್ತು. ಸ್ಟೆಪ್ನಿಯನ್ನು ಅಂಗಳಕ್ಕೆ ಇಳಿಸಿ, ಇಡೀ ಪ್ರಯೋಗವನ್ನು ಮತ್ತೊಮ್ಮೆ ಮಾಡಿ ತೋರಿಸಿದರು. ಪಕ್ಕದ ಮನೆಯವರೂ ಕಾಂಪೌಂಡಿಗೆ ಬಂದು ನೋಡಿದರು. ಕೊನೆಗೆ ಮಸಿಗೈಯಲ್ಲೇ ಎದ್ದು ನಿಂತು ಹೇಳಿದರು: "ಅವತ್ತು ನೀನು ಹೇಳಿದ್ದು ನಿಜ ಕಣೋ. ಎಲ್ಲರ ಮುಂದೆ ನಿನ್ನ ಸುಳ್ಳ ಅಂದೆ. ತಪ್ಪು ನಂದು."

ತಮ್ಮ ಮೊದಲು ಚಕ್ರವನ್ನು ನೋಡಿದರು. ದುಪಟ್ಟಾವನ್ನು ನೋಡಿದರು. ಆಮೇಲೆ ಅಕ್ಕನನ್ನು.

"ಟಯರ್ ಹೇಳಿದ್ದನ್ನ ಈಗ ನಂಬಿದ್ಯಲ್ಲ ಅಕ್ಕ. ಅವತ್ತು ನಾನು ಹೇಳ್ದಾಗ ಯಾಕೆ ನಂಬ್ಲಿಲ್ಲ?"

ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ತಲ್ಲಣಗೊಳಿಸಿದ್ದು. ಮೇಡಂ ಬಗ್ಗಿ ಚಕ್ರದಿಂದ ದುಪಟ್ಟಾ ಬಿಡಿಸಿಕೊಂಡರು. ತಮ್ಮನ ಹೆಂಡತಿ ಒಳಗೆ ಬನ್ನಿ ಎಂದರು. ತಮ್ಮ ಕರೆಯಲಿಲ್ಲ. ನಾವು ಹೊರಟೆವು.

ಮಹಾಲಕ್ಷ್ಮಿ ಲೇಔಟ್ ದಾಟಿದೆವು. ಆಮೇಲೆ, "ಸರಿಯಾದ ಪ್ರಶ್ನೆ ಕಣೇ ಅದು," ಎಂದರು. "ನಾನೇ ಕೇಳ್ಕೋಬೇಕಿತ್ತು."

ಆ ವಾರವೇ ಹಳೆಯ ಸೈಜಿನ ಚಕ್ರಗಳು ಬಂದವು. ಹಂಪುಗಳ ಮೇಲೆ ಕಾರು ಮತ್ತೆ ಕೆರೆಯತೊಡಗಿತು. ಆ ಸದ್ದಾದಾಗಲೆಲ್ಲ ಅವರು ತಲೆಯಾಡಿಸುತ್ತಿದ್ದರು. ಗೌರಿ ಹಬ್ಬಕ್ಕೆ ನಾನೇ ಲಗ್ಗೆರೆಗೆ ಹೋಗಿ ಕರೀತೀನಿ, ಬಂದರೆ ಬರಲಿ ಎಂದಿದ್ದರು. ಹಬ್ಬ ಇನ್ನೂ ದೂರವಿತ್ತು. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಹಾಲು ಅಳೆಯುತ್ತಾ ಕುಸಿದವರು ಮತ್ತೆ ಏಳಲಿಲ್ಲ. ಹಿಂದಿನ ಸಂಜೆ ನನ್ನೊಡನೆ ಗೇಟಿನಲ್ಲಿ ನಿಂತು ನಕ್ಕವರು. ನನಗೆ ಅಳು ಬರಲಿಲ್ಲ. ನಂಬಿಕೆಯೇ ಬಂದಿರಲಿಲ್ಲ.

ತವರಿನ ಸೀರೆ ಹಿಡಿದು ತಮ್ಮ ಬಂದರು. ಮನೆಮಗಳಿಗೆ ಕೊನೆಯದಾಗಿ ಹೊದಿಸುವ ಸೀರೆ. ಹೊದಿಸಿ, ಹೊರಗೆ ಬಂದು ಕಾರಿಗೊರಗಿ ನಿಂತರು. ಕೈ ತಾನಾಗಿಯೇ ಚಕ್ರದ ಮೇಲಿನ ತಗಡನ್ನು ಸವರುತ್ತಿತ್ತು. ನನ್ನನ್ನು ಗುರುತು ಹಿಡಿದರು.

"ಅವತ್ತು ದುಪಟ್ಟಾ ನಿಮ್ಮದೇ ಅಲ್ವೇನಮ್ಮಾ? ನಾನು ಅಕ್ಕನ್ನ ಹಾಗೆ ಕೇಳಬಾರ್ದಿತ್ತು. ಒಳಗೂ ಕರೀಲಿಲ್ಲ."

ಬೇರೆಯವರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವುದು ನನ್ನ ಸ್ವಭಾವವಲ್ಲ. ಆದರೂ ಹೇಳಿದೆ. "ಸರಿಯಾದ ಪ್ರಶ್ನೆ ಅಂದ್ರು ಮೇಡಂ. ದಾರೀಲಿ. ನಾನೇ ಕೇಳ್ಕೋಬೇಕಿತ್ತು ಅಂದ್ರು."

ಅವರು ನನ್ನನ್ನೇ ನೋಡಿದರು. ಆ ಮಾತಿಗೆ ನನ್ನ ಬಳಿ ಸಾಕ್ಷಿ ಯಾವುದೂ ಇರಲಿಲ್ಲ.

"ಹೌದಾ," ಎಂದರು ಅವರು. ನಂಬಿದರು.