ಲೇಥಿಗೆ ಸಕ್ಕರೆ ತಿಂದ ಗಂಡಸರು

ಸಿಂದಗಿಯಲ್ಲಿ ಹೊಲಿಗೆ ಮಶೀನು ಕೆಟ್ಟರೆ ಒಂದೋ ಅದನ್ನು ಮೂಲೆಗೆ ತಳ್ಳಿ ಅದರ ಮೇಲೆ ಹಾಸಿಗೆ ಮಡಚಿಡಬೇಕು, ಇಲ್ಲವೇ ಮೆಹರುನ್ನಿಸಾಳನ್ನು ಕರೆಯಬೇಕು. ನಾನು ಗುರವ್ವ, ಹೊಲಿಗೆ ಮಾಡಿ ಉಣ್ಣುವವಳು, ಮಶೀನಿನ ಮೇಲೆ ಹಾಸಿಗೆ ಇಟ್ಟರೆ ನನ್ನ ಒಲೆ ಉರಿಯುವುದಿಲ್ಲ. ಹೀಗಾಗಿ ಅವಳು ನನ್ನ ಪಕ್ಕದ ಮನೆಯಲ್ಲಿರುವುದು ನನ್ನ ಪುಣ್ಯ. ಅವಳ ಮುಂದೆ ಮಾತ್ರ ಈ ಮಾತು ಹೇಳುವುದಿಲ್ಲ, ಹೇಳಿದರೆ ತಲೆಯ ಮೇಲೆ ಹತ್ತಿ ಕೂರುತ್ತಾಳೆ.

ಅವಳ ಅಪ್ಪ ಬಂದಗಿಸಾಬರು ಊರೂರು ತಿರುಗಿ ಹೊಲಿಗೆ ಮಶೀನು ರಿಪೇರಿ ಮಾಡುತ್ತಿದ್ದರು. ವಿದ್ಯೆಯನ್ನು ಮಗ ರಮಜಾನನಿಗೆ ದಾಟಿಸಬೇಕೆಂದು ಬಹಳ ಪ್ರಯತ್ನಪಟ್ಟರು. ರಮಜಾನ ಸ್ಕ್ರೂ ಬಿಚ್ಚುವುದರಲ್ಲಿ ಗಟ್ಟಿಗ, ತಿರುಗಿ ಹಾಕುವುದರಲ್ಲಿ ಅಲ್ಲ. ಕೊನೆಗೆ ಪಕ್ಕದಲ್ಲಿ ಕೂತು ನೋಡುತ್ತಿದ್ದ ಮಗಳು ಕಲಿತಳು. ಈಗ ನಲವತ್ತು ದಾಟಿದ್ದಾಳೆ. ಓಢಣಿಯ ತುದಿಗೆ ಸದಾ ಮಶೀನಿನ ಎಣ್ಣೆ, ಬಾಯಲ್ಲಿ ಸದಾ ಒಂದು ಸ್ಕ್ರೂ. ಬಾಯಲ್ಲಿ ಸ್ಕ್ರೂ ಇರುವುದರಿಂದ ಮಾತು ಕಡಿಮೆ, ಅದನ್ನೇ ಊರವರು ವಿನಯ ಎಂದು ತಿಳಿದುಕೊಂಡಿದ್ದಾರೆ. ಗಂಡ ಆಸಿಫ ಬಸ್ ಸ್ಟ್ಯಾಂಡಿನಲ್ಲಿ ಹಣ್ಣಿನ ಗಾಡಿ ಇಟ್ಟಿದ್ದಾನೆ, ಹೆಂಡತಿಯ ಕೆಲಸದಲ್ಲಿ ಮೂಗು ತೂರಿಸುವವನಲ್ಲ.

ಅವಳಿಗಿದ್ದ ತಾಪತ್ರಯ ಒಂದೇ. ಹಳೆಯ ಮಶೀನುಗಳ ಒಳಗಿನ ಬುಷ್ಷು, ಶಾಫ್ಟು ಸವೆದರೆ ಹೊಸದು ಸಿಗುವುದಿಲ್ಲ, ಲೇಥಿನ ಮೇಲೆ ಕಡೆಸಬೇಕು. ಲೇಥು ಎಂದರೆ ಕಬ್ಬಿಣದ ತುಂಡನ್ನು ಚಕ್ ಎಂಬ ದವಡೆಯಲ್ಲಿ ಕಚ್ಚಿ ಹಿಡಿದು ಗರಗರ ತಿರುಗಿಸುವ ಯಂತ್ರ. ತಿರುಗುವಾಗ ಉಳಿ ಹಚ್ಚಿದರೆ ಸೌತೆಕಾಯಿ ಸಿಪ್ಪೆಯ ಹಾಗೆ ಲೋಹ ಸುಲಿದು ಬರುತ್ತದೆ. ಅದಕ್ಕಾಗಿ ಅವಳು ವಿಜಯಪುರಕ್ಕೆ ಹೋಗಿ ಒಬ್ಬ ಲೇಥಿನವನ ಬಾಗಿಲಲ್ಲಿ ನಿಲ್ಲಬೇಕಾಗಿತ್ತು. ಅವನು ಅವಳ ಕೈಯಲ್ಲಿನ ಬುಷ್ಷನ್ನು ನೋಡುವ ಮೊದಲು ಅವಳ ಬೆನ್ನ ಹಿಂದೆ ನೋಡುತ್ತಿದ್ದ. "ಗಂಡಸರು ಯಾರೂ ಬಂದಿಲ್ಲೇನ್ರಿ?" ಬಂದಿಲ್ಲವೆಂದರೆ ಅವಳ ಕೆಲಸ ಎಲ್ಲರಿಗಿಂತ ಕಡೆಗೆ. ಸಂಜೆಗೆ ಕೊಟ್ಟ ಬುಷ್ಷು ಸಡಿಲ, ನನ್ನ ಮಶೀನು ಅದನ್ನು ಹಾಕಿಕೊಂಡು ಜ್ವರ ಬಂದವರ ಹಾಗೆ ನಡುಗುತ್ತಿತ್ತು.

ಒಂದು ದಿನ ಅವಳು ಬಾಯಲ್ಲಿನ ಸ್ಕ್ರೂ ತೆಗೆದು ಹೇಳಿದಳು. "ಗುರವ್ವಕ್ಕ, ಇನ್ನ ಅವನ ಬಾಗಲಾಗ ನಿಂದ್ರಾಕ ನನ್ನ ಕಡಿಂದ ಆಗೂದಿಲ್ಲ. ನನ್ನದ ಒಂದು ಲೇಥ್ ತಗೋತೇನಿ. ಹಿತ್ತಲ ಖೋಲ್ಯಾಗ ಇಡ್ತೇನಿ."

ದುಡ್ಡು ಅವಳದು, ಖೋಲಿ ಅವಳದು, ಕೆಲಸ ಅವಳದು. ಇಂಥ ಸೊಟ್ಟಿಲ್ಲದ ವಿಷಯ ನಮ್ಮ ಊರಿನಲ್ಲಿ ನೆಟ್ಟಗೆ ಮುಗಿದೀತೇ? ಸುದ್ದಿ ಅಣ್ಣ ರಮಜಾನನ ಕಿವಿಗೆ ಬಿತ್ತು. ರಮಜಾನ ಟ್ರ್ಯಾಕ್ಟರ್ ಮಾರಿಸುವ ಏಜೆಂಟ್. ನಾಲ್ಕು ಗಾಲಿಯ ಯಂತ್ರ ಗೊತ್ತಿದ್ದವನಿಗೆ ಗಾಲಿಯೇ ಇಲ್ಲದ ಯಂತ್ರ ಯಾವ ಲೆಕ್ಕ ಎಂಬುದು ಅವನ ಧೋರಣೆ.

"ನೀ ಸುಮ್ಮ ಕೂಡು ತಂಗಿ. ಹಿರೇರು ಹೋಗಿ ನೋಡ್ಕೊಂಡ ಬರ್ತೇವಿ," ಎಂದ.

"ಅಣ್ಣಾ, ನಾನೂ ಬರ್ತೇನಿ."

"ಹುಡುಗಿ ನೋಡಾಕ ಹೋದಾಗ ಎಲ್ಲಾರೂ ಹೋಗ್ತಾರೇನು? ಮೊದಲ ಹಿರೇರು. ಪಸಂದ ಬಂದ್ರ ಆಮ್ಯಾಲ ಉಳದವರು."

ಹಿರಿಯರು ಎಂದರೆ ಅವನು ಮತ್ತು ನನ್ನ ಗಂಡ. ಗಂಡನ ಹೆಸರು ಹೇಳಬಾರದು ಎನ್ನುತ್ತಾರೆ. ಬಸಣ್ಣ. ಹೇಳಿದೆ, ಏನೂ ಆಗಲಿಲ್ಲ. ಲೈನ್‌ಮನ್ ಆಗಿ ರಿಟೈರ್ ಆದವರು, ಕಂಬ ಇಳಿದಾಗಿನಿಂದ ಯಾರಾದರೂ ಎಲ್ಲಿಗಾದರೂ ಕರೆದಾರೇ ಎಂದು ಚಪ್ಪಲಿ ಹಾಕಿಕೊಂಡೇ ಕೂತಿರುತ್ತಾರೆ. ಇಬ್ಬರೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕನ್ಯಾ ನೋಡಲು ಹೊರಟವರ ಹಾಗೆ ಅತ್ತರು ಹಚ್ಚಿಕೊಂಡು ರಮಜಾನನ ಟೆಂಪೋ ಹತ್ತಿದರು. ಮೆಹರುನ್ನಿಸಾ ಬಾಗಿಲಲ್ಲಿ ನಿಂತು ನೋಡಿದಳು. ಸ್ಕ್ರೂ ಬಾಯಲ್ಲೇ ಇತ್ತು.

ಮೊದಲು ಮುದ್ದೇಬಿಹಾಳಕ್ಕೆ ಹೋದರು. ಅಲ್ಲಿನ ಲೇಥಿನಲ್ಲಿ ಪಾರಿವಾಳ ಸಂಸಾರ ಹೂಡಿತ್ತು. ತತ್ತಿ ಒಡೆದಾವು ಎಂದು ಮುಟ್ಟದೆ ಬಂದರು. ಮುಂದಿನ ವಾರ ಇಂಡಿಗೆ ಹೋದರು. ಅಲ್ಲಿ ಒಬ್ಬ ಮುದುಕ ತನ್ನ ವರ್ಕ್‌ಶಾಪು ಮುಚ್ಚುತ್ತಿದ್ದ. ಉಪ್ಪಿಟ್ಟು ಕೊಟ್ಟನಂತೆ, ಚಹಾ ಕೊಟ್ಟನಂತೆ, ಮೇಲೆ ಎಲೆ ಅಡಿಕೆ. ಸಂಜೆ ಇಬ್ಬರೂ ಗೆದ್ದವರ ಹಾಗೆ ಬಂದು ಮೆಹರುನ್ನಿಸಾಳ ಪಡಸಾಲೆಯಲ್ಲಿ ಕೂತರು. ನಾನೂ ಅಲ್ಲೇ ಇದ್ದೆ.

"ಲೇಥ್ ಅಂದ್ರ ಅದು," ಎಂದ ರಮಜಾನ. "ಆನಿ ಇದ್ದಂಗ ಐತಿ. ಈ ಗ್ವಾಡಿಯಿಂದ ಆ ಗ್ವಾಡಿತನ."

ಮೆಹರುನ್ನಿಸಾ ಕೇಳಿದಳು, "ತಿರುಗ್ಸಿ ನೋಡಿದ್ರೇನು?"

"ಕರೆಂಟ್ ಇರಲಿಲ್ಲ."

"ಕೈಲೆ ಚಕ್ ಹಿಡದು ಅಲುಗ್ಯಾಡ್ಸಿ?"

"ಹಿಡೀದ ಏನೈತಿ ಅದ್ರಾಗ. ಬಣ್ಣ ಹೊಸಾದು ಹಚ್ಚ್ಯಾನ."

"ಬಸಣ್ಣಮಾಮಾ, ಅದರ ಮೋಟರ್ ಸಿಂಗಲ್ ಫೇಸೋ ತ್ರೀ ಫೇಸೋ?"

ಜೀವಮಾನವೆಲ್ಲ ಕರೆಂಟಿನ ಕಂಬದ ಮೇಲೆ ಕಳೆದ ನನ್ನ ಗಂಡ ಮೇಲೆ ತೊಲೆ ನೋಡತೊಡಗಿದರು. ಅಂಥ ಆನೆ ತಿರುಗಲು ತ್ರೀ ಫೇಸ್ ಬೇಕು. ಮೆಹರುನ್ನಿಸಾಳ ಮನೆಗಿರುವುದು ಸಿಂಗಲ್ ಫೇಸ್, ಆ ತಂತಿ ಎಳೆದವರೂ ಇವರೇ. ಇನ್ನು ಆ ಆನೆಯನ್ನು ನಮ್ಮ ಓಣಿಗೆ ತರುವುದು ಹೇಗೆ? ನಮ್ಮ ಓಣಿಯಲ್ಲಿ ಎದುರಿನಿಂದ ಎಮ್ಮೆ ಬಂದರೆ ಮನುಷ್ಯರು ಯಾರದಾದರೂ ಕಟ್ಟೆ ಹತ್ತಿ ನಿಲ್ಲಬೇಕು.

"ಹಂಗಾದ್ರ ಅದು ಬ್ಯಾಡಣ್ಣ," ಎಂದಳು ಮೆಹರುನ್ನಿಸಾ.

ರಮಜಾನ ಗಂಟಲು ಸರಿಮಾಡಿಕೊಂಡ. "ಬ್ಯಾಡ ಅನ್ನಾಕ ಬರೂದಿಲ್ಲ. ಸಕ್ರಿ ತಿಂದ ಬಂದೀವಿ."

ನಮ್ಮ ಕಡೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ. ಸಂಬಂಧ ಗಟ್ಟಿಯಾದಾಗ ಎರಡೂ ಕಡೆಯ ಹಿರಿಯರು ಸಕ್ಕರೆ ಬಾಯಿಗೆ ಹಾಕಿಕೊಳ್ಳುತ್ತಾರೆ. ಆಮೇಲೆ ಹಿಂದೆ ಸರಿದರೆ ನಾಲ್ಕು ಜನರಲ್ಲಿ ಮುಖ ಎತ್ತುವಂತಿಲ್ಲ. ಎತ್ತಿಗೆ, ಪ್ಲಾಟಿಗೆ, ಟ್ರ್ಯಾಕ್ಟರಿಗೆ ಎಲ್ಲಕ್ಕೂ ಈ ಶಾಸ್ತ್ರ ಹಬ್ಬಿಕೊಂಡಿದೆ. ಈ ಇಬ್ಬರು ಮಹನೀಯರು ಕರೆಂಟಿಲ್ಲದ ಕತ್ತಲೆಯಲ್ಲಿ, ತಿರುಗಿಸಿ ನೋಡದ ಯಂತ್ರಕ್ಕೆ, ಇನ್ನೊಬ್ಬರ ದುಡ್ಡಿನ ಮೇಲೆ ಸಕ್ಕರೆ ತಿಂದು ಬಂದಿದ್ದರು. ಡಾಕ್ಟರು ಸಕ್ಕರೆ ಮುಟ್ಟಬೇಡಿ ಎಂದು ನನ್ನ ಗಂಡನಿಗೆ ಹೇಳಿದ್ದು ಬೇರೆ ಮಾತು.

ನನಗೆ ಮೈಯೆಲ್ಲ ಉರಿಯಿತು. ಅವಳು ಜನ್ಮಕ್ಕೆ ಒಂದೇ ಲೇಥು ಕೊಳ್ಳಬಲ್ಲಳು. ಇಂಡಿಯ ಆನೆ ಬಂದರೆ ಕೂಡಿಟ್ಟದ್ದೆಲ್ಲ ಅದರ ಹೊಟ್ಟೆಗೆ ಹೋಗಿ, ಇವಳು ಮತ್ತೆ ಸಾಯುವತನಕ ವಿಜಯಪುರದವನ ಬಾಗಿಲಲ್ಲಿ ನಿಲ್ಲಬೇಕು. ಬೇಡ ಎಂದರೆ ಅಣ್ಣನ ಮಾತು ಬೀಳುತ್ತದೆ, ಮಾತಿನ ಮೇಲೆಯೇ ಹೊಟ್ಟೆ ಹೊರೆಯುವ ಏಜೆಂಟನ ಮಾತು. ಅವಳಿಗೆ ಅಣ್ಣನೆಂದರೆ ಜೀವ. ಅವಳು ಒಳಗೆ ಹೋಗಿ ಪಾತ್ರೆ ತಿಕ್ಕತೊಡಗಿದಳು. ಆ ಸಪ್ಪಳದಲ್ಲಿ ಒಂದಾದರೂ ಪಾತ್ರೆ ನೆಗ್ಗದೆ ಉಳಿದಿರಲಿಕ್ಕಿಲ್ಲ.

ಮರುದಿನ ಮುಂಜಾನೆ ಅಣ್ಣನಿಗೆ ಹೇಳಿದಳು, "ನಡಿ ಇಂಡಿಗೆ. ಈಗ ಉಳದವರ ಪಾಳಿ."

ನನ್ನನ್ನೂ ಕರೆದಳು. ಇಂಡಿಯ ಮುದುಕ ನಮ್ಮನ್ನು ಕಂಡು ಹಿಗ್ಗಿ ಮತ್ತೆ ಉಪ್ಪಿಟ್ಟಿಗೆ ಹೇಳಿದ. ಮೆಹರುನ್ನಿಸಾ ಉಪ್ಪಿಟ್ಟು ಮುಟ್ಟದೆ ಸೀದಾ ಲೇಥಿನ ಹತ್ತಿರ ಹೋಗಿ ಚಕ್ ಹಿಡಿದು ಜಗ್ಗಿದಳು. ಆನೆ ಹಲ್ಲು ಕಟಕಟ ಕಡಿಯಿತು, ಒಳಗೆಲ್ಲ ಸವೆದಿತ್ತು. ಅವಳು ಕೈ ಒರೆಸಿಕೊಂಡು ಬಂದಳು.

"ಚಾಚಾ, ಇದು ನನಗ ಬ್ಯಾಡ್ರಿ," ಎಂದಳು.

ಮುದುಕನ ಮುಖ ಇಳಿಯಿತು. ಅವಳ ಕಡೆ ನೋಡಲೂ ಇಲ್ಲ, ರಮಜಾನನನ್ನು ಕೇಳಿದ. "ಇದೇನ್ರಿ ಭಾಯಿ. ಸಕ್ರಿ ತಿಂದ ಹೋದವರು ನೀವು. ಮಾತಂದ್ರ ಮಾತಲ್ಲೇನು?"

ಊರೆಲ್ಲ ಟ್ರ್ಯಾಕ್ಟರ್ ಮಾರುವ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಉತ್ತರ ಕೊಟ್ಟವಳು ಮೆಹರುನ್ನಿಸಾ, ದನಿ ಏರಿಸದೆ.

"ನಮ್ಮಣ್ಣನ ಮಾತು ಸುಳ್ಳಲ್ರಿ. ಅವಂಗ ಪಸಂದ ಬಂದಿತ್ತು, ತಿಂದ. ಆದ್ರ ನಮ್ಮಾಗ ನಿಕಾಹ ಆಗೂವಾಗ ಹುಡುಗಿನ್ನೂ ಕೇಳ್ತಾರ್ರಿ, ಕಬೂಲ್ ಐತೇನು ಅಂತ. ಆಕಿ ಹೂಂ ಅನ್ನೂತನಕ ಖಾಜಿ ಸಾಹೇಬ್ರು ಪೆನ್ನು ಎತ್ತೂದಿಲ್ಲ. ಈ ಕಬ್ಬಿಣದ ಜೋಡಿ ದಿನಾ ಸಂಸಾರ ಮಾಡಾಕಿ ನಾನು. ನನಗ ಯಾರೂ ಕೇಳೇ ಇಲ್ಲ. ಈಗ ಹೇಳಾಕತ್ತೇನಿ, ಕಬೂಲ್ ಇಲ್ರಿ."

ಖಾಜಿಯನ್ನು ಎಳೆದು ತಂದ ಮೇಲೆ ಮುದುಕನಾದರೂ ಏನು ಹೇಳಬೇಕು? ಗೊಣಗುತ್ತ ಒಳಗೆ ಹೋದ. ಹೇಳಿ ತರಿಸಿದ ಉಪ್ಪಿಟ್ಟನ್ನು ಬಿಡಬಾರದೆಂದು ನಾನು ತಿಂದೆ.

ಹೊರಗೆ ಬಂದ ಮೇಲೆ ರಮಜಾನ ಒಂದು ಮಾತು ಆಡಿದ. "ಮಂದ್ಯಾಗ ನನ್ನ ಮಾರಿ ಕಳದಿ." ಅವಳ ಕಣ್ಣು ತುಂಬಿದವು. ಹಿಂದೆ ಬರುವಾಗ ನನಗೊಬ್ಬಳಿಗೇ ಕೇಳುವಂತೆ ಹೇಳಿದಳು. "ನನ್ನ ನಿಕಾಹದಾಗ ಸುದ್ದಾ ಪಡದೆ ಹಿಂದ ನಮ್ಮ ಖಾಲಾ ತ್ವಾಳ ಚೂಟಿದ್ಲು. ನಾ ಹಾಯ್ ಅಂದ್ನಿ. ಅದನ್ನ ಹೂಂ ಅಂತ ಬರಕೊಂಡ್ರು." ಆಸಿಫ ಒಳ್ಳೆಯವನಾದದ್ದು ಅದೃಷ್ಟ, ಅಷ್ಟೆ. ನಾನು ನಕ್ಕುಬಿಟ್ಟೆ. ಅವಳೂ ನಕ್ಕಳು. ಮುಂದೆ ಕೂತ ಅಣ್ಣ ಮಾತ್ರ ಗೇರು ಮುರಿಯುವಂತೆ ಹಾಕಿದ.

ಆಮೇಲೆ ರಮಜಾನ ಬಹಳ ದಿನ ಅವಳ ಮನೆಗೆ ಬರಲಿಲ್ಲ. ಅವಳೇ ಹುಡುಕಿದಳು. ಫೋನಿನಲ್ಲಿ ಹೊಸ ಪುಟಾಣಿ ಲೇಥುಗಳನ್ನು ನೋಡಿದಳು, ಮಿಕ್ಸರಿಗಿಂತ ಸ್ವಲ್ಪ ದೊಡ್ಡವು, ಗಟ್ಟಿ ಶಾಫ್ಟು ಹಚ್ಚಿದರೆ ತಾವೇ ಕುಣಿಯುವಂಥವು. ಬೇಡವೆಂದಳು. ಮನಗೂಳಿಯ ಒಬ್ಬ ದರ್ಜಿ ಹೇಳಿದ, ಬಸವನ ಬಾಗೇವಾಡಿಯ ಸಾವಿತ್ರೀಬಾಯಿಯವರ ಮನೆಯಲ್ಲಿ ಒಂದಿದೆ. ಅವರ ಯಜಮಾನರು ಸಾಲಿ ಮಾಸ್ತರರು, ಗಡಿಯಾರ, ಪಂಪು ಎಂದು ಏನೇನೋ ಮಾಡುತ್ತ ಮನೆಯಲ್ಲೇ ಲೇಥು ಇಟ್ಟುಕೊಂಡಿದ್ದರು. ಅವರು ತೀರಿಕೊಂಡಿದ್ದಾರೆ, ಮಗ ಕೌಸ್ತುಭನಿಗೆ ಆ ಜಾಗದಲ್ಲಿ ಕಾರು ನಿಲ್ಲಿಸಬೇಕಾಗಿದೆ. ತರಬೇಕೆಂದರೆ ಟೆಂಪೋ ಬೇಕು. ಅವಳು ಅಣ್ಣನ ಮನೆಗೆ ಹೋದಳು. ಏನು ಹೇಳಿದಳೋ ನನಗೆ ಗೊತ್ತಿಲ್ಲ. ಮರುದಿನ ಟೆಂಪೋ ಓಣಿಯ ಬಾಯಿಗೆ ನಿಂತಿತ್ತು, ಅದರಲ್ಲಿ ರಮಜಾನ ಸಿಡುಕು ಮೋರೆ ಹಾಕಿ ಕೂತಿದ್ದ. ನನ್ನ ಗಂಡ ಚಪ್ಪಲಿ ಹಾಕಿಕೊಂಡೇ ಇದ್ದರು. ನೀವು ಇಲ್ಲೇ ಕೂಡ್ರಿ ಎಂದು ಹೇಳಿ ನಾನು ಹತ್ತಿದೆ.

ಬಾಗೇವಾಡಿಯ ಲೇಥು ಒಬ್ಬ ಮನುಷ್ಯ ಮಲಗುವಷ್ಟು ಉದ್ದ. ಬಣ್ಣ ಹೋಗಿತ್ತು. ಮೋಟರು ಸಿಂಗಲ್ ಫೇಸ್. ಮೆಹರುನ್ನಿಸಾ ಓಢಣಿಯನ್ನು ಬಿಗಿದು ಕಟ್ಟಿ ಕೆಲಸಕ್ಕೆ ನಿಂತಳು. ಚಕ್ ಜಗ್ಗಿದಳು, ಸಪ್ಪಳವಿಲ್ಲ. ಉಳಿ ಕೂರುವ ಗಾಡಿಯನ್ನು ಈ ತುದಿಯಿಂದ ಆ ತುದಿಗೆ ಕೈಯಿಂದ ಓಡಿಸಿದಳು. ಚಕ್ಕಿನ ಹತ್ತಿರ ಬಂದಾಗ ಅದು ತಡವರಿಸಿತು. ಬೆರಳಾಡಿಸಿ ನೋಡಿದರೆ ಗಾಡಿ ಓಡುವ ಬೆಡ್ಡಿನ ಮೇಲೆ ನೆಗ್ಗು.

"ಇಲ್ಲಿ ಏನರೆ ಬಿದ್ದಿತ್ತೇನ್ರಿ ಅಮ್ಮಾರ?"

"ಬಿದ್ದಿಲ್ಲವಾ," ಎಂದರು ಸಾವಿತ್ರೀಬಾಯಿ. "ನಮ್ಮವರು ಪ್ರತಿ ದಸರಾದಾಗ ಖಂಡೆ ಪೂಜಾಕ್ಕ ತೆಂಗಿನಕಾಯಿ ಅದರ ಮ್ಯಾಲೇ ಒಡೀತಿದ್ದರು. ಮಶೀನು ನೂರು ವರ್ಷ ಬಾಳಲಿ ಅಂತ."

ಮಶೀನು ಬಾಳಲಿ ಎಂದು ಮಶೀನಿನ ತಲೆಗೇ ಹೊಡೆಯುವ ಭಕ್ತಿ ನಮ್ಮವರಿಗೆ ಮಾತ್ರ ಸಾಧ್ಯ. ಕೌಸ್ತುಭ ನಾಚಿಕೊಂಡ. ಮೆಹರುನ್ನಿಸಾ ಚೀಲದಿಂದ ಸಾಣೆಕಲ್ಲು ತೆಗೆದು ನೆಗ್ಗಿನ ಸುತ್ತ ಎದ್ದಿದ್ದ ಅಂಚನ್ನು ಮೆಲ್ಲಗೆ ತಿಕ್ಕಿದಳು. ಗಾಡಿ ಸರಾಗ ಹರಿಯಿತು. ತಂದಿದ್ದ ಕಬ್ಬಿಣದ ಸರಳನ್ನು ಚಕ್ಕಿಗೆ ಕಚ್ಚಿಸಿ ಸ್ವಿಚ್ಚು ಒತ್ತಿದಳು. ಉಳಿ ತಾಗಿದ ಕೂಡಲೇ ಬೆಳ್ಳಿಯಂಥ ಸುರುಳಿ ಕಳಚಿ ಬಿತ್ತು. ಸರಳಿನ ಎರಡೂ ತುದಿಯ ದಪ್ಪವನ್ನು ವರ್ನಿಯರ್ ಅಳತೆಪಟ್ಟಿಯಿಂದ ಅಳೆದಳು, ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅವಳ ಮುಖ ಅರಳಿದ್ದು ನನಗೆ ಕಂಡಿತು.

ಸಾವಿತ್ರೀಬಾಯಿ ಕುರ್ಚಿಯಿಂದ ಎದ್ದು ಹತ್ತಿರ ಬಂದರು. "ಪಸಂದ ಬಂತೇನವಾ ನಿನಗ?"

ಬಾಗಿಲಲ್ಲಿ ನಿಂತಿದ್ದ ರಮಜಾನ ಅಭ್ಯಾಸಬಲದಿಂದ, "ಹೌದ್ರಿ, ನಮಗ..." ಎಂದು ಶುರು ಮಾಡಿದ.

"ನಿನ್ನ ಕೇಳಿಲ್ಲಪಾ," ಎಂದರು ಮುದುಕಿ.

ಎಲ್ಲರೂ ಮೆಹರುನ್ನಿಸಾಳ ಕಡೆ ನೋಡಿದರು. ಬೇಡ ಎನ್ನಲು ಇಂಡಿಯಲ್ಲಿ ಚಣವೂ ತಡವರಿಸದವಳಿಗೆ ಈಗ ಮಾತೇ ಬರಲಿಲ್ಲ. ಅವಳ ಪರವಾಗಿ ಹೂಂ ಎಂದುಬಿಡಲು ನನ್ನ ಬಾಯಿ ತುರಿಸಿತು. ನಾಲಿಗೆ ಕಚ್ಚಿ ಹಿಡಿದೆ, ನನ್ನ ಜನ್ಮದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ.

"ತಡೀರಿ," ಎಂದಳು ಕೊನೆಗೆ. "ಇನ್ನೊಮ್ಮೆ ನೋಡ್ತೇನಿ."

ಮತ್ತೆ ಚಕ್ ತಿರುಗಿಸಿದಳು. ನೋಡುವುದು ಏನೂ ಉಳಿದಿರಲಿಲ್ಲ, ಅದು ನನಗೂ ಗೊತ್ತಿತ್ತು. ಒಂದೊಂದೇ ಹಿಡಿಕೆ ಮುಟ್ಟಿದಳು, ಎಣ್ಣೆಯ ತೂತುಗಳನ್ನು ಬಗ್ಗಿ ನೋಡಿದಳು, ಸುತ್ತ ಒಂದು ಸಲ ತಿರುಗಿ ಬಂದಳು. ಚಹಾ ಆರಿತು. ಕೌಸ್ತುಭ ಗಡಿಯಾರ ನೋಡಿಕೊಂಡ, ಅವನ ತಾಯಿ ಅವನ ಕೈಯನ್ನು ಕೆಳಗೆ ಒತ್ತಿದರು. ಯಾರೂ ಅವಸರ ಮಾಡಲಿಲ್ಲ.

ಮೆಹರುನ್ನಿಸಾ ನೆಟ್ಟಗೆ ನಿಂತು ಬಾಗಿಲ ಕಡೆ ತಿರುಗಿದಳು.

"ಅಣ್ಣಾ, ನನಗ ಇದು ಪಸಂದ ಐತಿ."

ರಮಜಾನ ಅಂಗಿಯ ತೋಳು ಮಡಚಿದ.

"ಹಗ್ಗ ತರ್ತೇನಿ," ಎಂದ. "ಎಲ್ಲಿ ಹಿಡದು ಎತ್ತಬೇಕು, ನೀ ಹೇಳು."