ಹನ್ನೊಂದನೇ ಕ್ಯಾಮೆರಾದ ಖಾಲಿ ಚಿತ್ರಗಳು

ಕಳೆದ ಜನವರಿಯ ಮೂರನೇ ಬುಧವಾರ, ಸಂಜೆ ಏಳು ಗಂಟೆ ಹತ್ತು ನಿಮಿಷಕ್ಕೆ, ಕೋಲ್ಕತ್ತದ ಪೂರ್ವ ಅಂಚಿನ ಕೊಳಚೆನೀರಿನ ಮೀನುಕೆರೆಯೊಂದರ ಏರಿಯ ಮೇಲೆ, ಬಿದಿರಿನ ಗೂಟಕ್ಕೆ ಮೆತ್ತಿದ್ದ ಒಂದು ಹಿಡಿ ಕೊಳೆತ ಮೀನು ಮೂರು ಸೆಕೆಂಡಿನಲ್ಲಿ ಇಲ್ಲವಾಯಿತು. ಅದನ್ನು ತಿಂದದ್ದು ಯಾವುದೆಂದು ಕಾಣಲಿಲ್ಲ. ಗೂಟದಿಂದ ನಾಲ್ಕಡಿ ದೂರದಲ್ಲಿ ನಾನಿದ್ದೆ.

ಗಂಟೆ, ನಿಮಿಷ ಕ್ಯಾಮೆರಾದ ಚಿತ್ರದ ಅಡಿಯಲ್ಲಿ ಅಚ್ಚಾಗಿವೆ. ದೆವ್ವ ಭೂತಗಳ ವಿಷಯದಲ್ಲಿ ನನಗೆ ಯಾವ ಅಭಿಪ್ರಾಯವೂ ಇಲ್ಲ. ಕಂಡದ್ದು, ಕೇಳಿಸಿದ್ದು, ಮೂಗಿಗೆ ಬಡಿದದ್ದು, ಇಷ್ಟನ್ನು ಮಾತ್ರ ಬರೆಯುತ್ತೇನೆ. ನಂಬಿ ಎಂದು ಒತ್ತಾಯಿಸುವುದಿಲ್ಲ. ಆದರೆ ಇದು ನಡೆದಿದೆ.

ನಾನು ಮೈಸೂರಿನವಳು. ಆರು ವರ್ಷಗಳಿಂದ ಇಲ್ಲಿದ್ದು, ವನ್ಯಜೀವಿಗಳ ನೆಲೆ ಉಳಿಸುವ ಸಂಸ್ಥೆಯೊಂದರ ಪೂರ್ವ ವಲಯದ ಹೊಣೆ ಹೊತ್ತಿದ್ದೇನೆ. ಕಚೇರಿ ಸಾಲ್ಟ್ ಲೇಕ್ ಬಡಾವಣೆಯಲ್ಲಿದೆ. ನಗರದ ಚರಂಡಿ ನೀರು ಹೋಗಿ ಸೇರುವ ಕೆರೆಗಳಿಗೆ ಇಲ್ಲಿ ಭೇರಿ ಎನ್ನುತ್ತಾರೆ. ಆ ನೀರಿನಲ್ಲೇ ಮೀನು ಸಾಕುತ್ತಾರೆ. ಆ ಮೀನಿನ ಆಸೆಗೆ ಏರಿಯ ಜೊಂಡಿನಲ್ಲಿ ಬಾಘ್ರೋಲ್ ಸೇರಿಕೊಂಡಿರುತ್ತದೆ. ಊರಬೆಕ್ಕಿಗಿಂತ ಎರಡು ಪಟ್ಟು ದೊಡ್ಡದಾದ, ನೀರಿಗಿಳಿದು ಮೀನು ಹಿಡಿಯುವ ಕಾಡುಬೆಕ್ಕು ಅದು. ಎಲ್ಲೆಲ್ಲಿ ಉಳಿದಿದೆ ಎಂದು ತಿಳಿಯಲು ಹದಿನಾಲ್ಕು ಕಡೆ ಕ್ಯಾಮೆರಾ ಕಟ್ಟಿದ್ದೇವೆ. ಮುಂದೆ ಬಿಸಿ ಮೈಯೊಂದು ಅಲುಗಾಡಿದರೆ ಅದು ತಾನಾಗಿಯೇ ಸೆಕೆಂಡಿಗೊಂದರಂತೆ ಮೂರು ಚಿತ್ರ ತೆಗೆಯುತ್ತದೆ. ಬೆಳಕು ಬರುವುದಿಲ್ಲ, ಸದ್ದಾಗುವುದಿಲ್ಲ.

ವಾರಕ್ಕೊಮ್ಮೆ ಕ್ಷೇತ್ರ ಸಿಬ್ಬಂದಿ ಹೋಗಿ ಕಾರ್ಡು ಬದಲಿಸಿ, ಗೂಟಕ್ಕೆ ಕೊಳೆತ ಮೀನು ಮೆತ್ತಿ, ಕೊನೆಗೆ ಕ್ಯಾಮೆರಾದ ಮುಂದೆ ಅಡ್ಡಲಾಗಿ ಅಂಬೆಗಾಲಿಡಬೇಕು. ನಡೆದು ಹೋದರೆ ಆಗದು. ಬೆಕ್ಕಿನ ಎತ್ತರದಲ್ಲಿ ಹೋದರೇ ಕ್ಯಾಮೆರಾ ಸರಿಯಾಗಿದೆಯೋ ಇಲ್ಲವೋ ಗೊತ್ತಾಗುವುದು.

ಒಂಬತ್ತರಿಂದ ಹನ್ನೆರಡರವರೆಗಿನ ಕ್ಯಾಮೆರಾಗಳು ನಿಮಾಯ್‌ದಾ ಅವರ ಪಾಲಿನವು. ದಾ ಎಂದರೆ ಇಲ್ಲಿ ಅಣ್ಣ. ನನಗಿಂತ ಹತ್ತು ವರ್ಷ ದೊಡ್ಡವರು, ಒಂಬತ್ತು ವರ್ಷದಿಂದ ಗುತ್ತಿಗೆಯ ಮೇಲಿದ್ದಾರೆ. ಏರಿಯ ಮೇಲೆ ಅಂಬೆಗಾಲಿಡುವ ಅವರನ್ನು ಭೇರಿಯ ಕೆಲಸಗಾರರು ಬಾಘ್ರೋಲ್ ಬಾಬು ಎಂದು ರೇಗಿಸುತ್ತಾರೆ. ಮೀನಿನ ತಲೆ, ಕರುಳು, ಎಣ್ಣೆಯನ್ನು ಡಬ್ಬಿಯಲ್ಲಿ ತುಂಬಿ ತಿಂಗಳುಗಟ್ಟಲೆ ಬಿಸಿಲಿಗಿಟ್ಟು ಎರೆ ತಯಾರಿಸುವವರೂ ಅವರೇ. ಅದಕ್ಕೆ ಅವರು ಇಟ್ಟ ಹೆಸರು ಉಪ್ಪಿನಕಾಯಿ.

ಹನ್ನೊಂದನೇ ಕ್ಯಾಮೆರಾದಲ್ಲಿ ಐದು ತಿಂಗಳಿಂದ ಒಂದು ಪ್ರಾಣಿಯೂ ಬಿದ್ದಿರಲಿಲ್ಲ. ಅದರ ಎಡಬಲದ ಹತ್ತು ಮತ್ತು ಹನ್ನೆರಡರಲ್ಲಿ ಬಾಘ್ರೋಲ್, ಮುಂಗುಸಿ, ನರಿ ಎಲ್ಲವೂ ಇದ್ದವು. ನಿಮಾಯ್‌ದಾ ಅಲ್ಲಿಗೆ ಹೋಗುತ್ತಲೇ ಇಲ್ಲ ಎಂದು ನಾನು ತೀರ್ಮಾನಿಸಿದೆ. ಕೇಳಿದರೆ, ಹೋಗುತ್ತೇನೆ, ಎರೆ ಖಾಲಿಯಾಗುತ್ತದೆ, ಚಿತ್ರಗಳೂ ಇವೆ, ನಿಮ್ಮ ಕಂಪ್ಯೂಟರನ್ನು ಕೇಳಿ ಎಂದರು. ನನಗದು ಉಡಾಫೆಯಾಗಿ ಕಂಡಿತು. ತಿಂಗಳ ಕೊನೆಗೆ ಅವರ ಗುತ್ತಿಗೆ ಮುಗಿಯುವುದಿತ್ತು. ಮುಂದುವರಿಯುವುದು ನನ್ನ ಷರಾದ ಮೇಲೆ ನಿಂತಿತ್ತು. ಅವರ ಮಗಳದು ನರ್ಸಿಂಗ್ ಕೊನೆಯ ವರ್ಷವೆಂಬುದು ನನಗೆ ಗೊತ್ತಿತ್ತು. ಕೆಲಸಕ್ಕೆ ಬೇಡ ಎಂದು ಬರೆದಿಟ್ಟು, ದೆಹಲಿಯ ಮುಖ್ಯ ಕಚೇರಿಗೆ ಕಳಿಸುವ ಮುನ್ನ ಒಮ್ಮೆ ಜೊತೆಯಲ್ಲಿ ಹೋಗಿ ನೋಡೋಣವೆಂದು ಹೊರಟೆ.

ಬೈಪಾಸಿನಲ್ಲಿ ಆಟೋ ಇಳಿದು ಅರ್ಧ ಗಂಟೆ ಏರಿಯ ಮೇಲೆ ನಡೆದೆವು. ಚಳಿಗಾಲವಾದ್ದರಿಂದ ಐದೂವರೆಗೇ ಕತ್ತಲಾಗಿತ್ತು. ಮಾತು ಹಿಂದಿಯಲ್ಲಿ ನಡೆಯುತ್ತಿತ್ತು. ನಿಮಾಯ್‌ದಾ ನನ್ನ ಬೂಟು ತೆಗೆಸಿ, ಪ್ಯಾಂಟು ಮೊಣಕಾಲಿಗೆ ಮಡಚಿಸಿ, ರಬ್ಬರ್ ಚಪ್ಪಲಿ ಕೊಟ್ಟರು.

"ಈ ನೀರು ತಾಗಿದ ಬೂಟು ಹಾಕ್ಕೊಂಡು ಹೋದ್ರೆ ನಿಮ್ಮ ಲಿಫ್ಟಿನವನು ಒಳಗೆ ಬಿಡಲ್ಲ ದೀದಿ," ಎಂದರು.

ಒಂಬತ್ತು, ಹತ್ತು ಮುಗಿಯಿತು. ಎರಡು ಕಡೆಯೂ ಅವರು ಹಾಡು ಗುನುಗುತ್ತಲೇ ಅಂಬೆಗಾಲಿಟ್ಟು ಎದ್ದು ಬಂದರು. ಹನ್ನೊಂದು ಸಮೀಪಿಸುತ್ತಿದ್ದಂತೆ ಗುನುಗು ನಿಂತಿತು.

ಅಲ್ಲಿ ಏರಿ ಅಗಲವಾಗಿದೆ. ಒಂದು ಕಡೆ ಜೊಂಡು, ಇನ್ನೊಂದು ಕಡೆ ಹೂಳು ತೆಗೆಯಲು ನೀರಿಳಿಸಿದ ಕೆರೆ. ಕಪ್ಪು ಕೆಸರಿನಲ್ಲಿ ಸತ್ತ ಮೀನುಗಳು ಹೊಟ್ಟೆ ಮೇಲೆ ಮಾಡಿ ಬಿದ್ದಿದ್ದವು. ಗಾಳಿಯಲ್ಲಿ ಚರ್ಮ ಹದ ಮಾಡುವ ಕಡೆಯ ನಾತವಿತ್ತು... ಹಸಿ ತೊಗಲು, ಸುಣ್ಣ, ಕೂದಲು. ನಿಮಾಯ್‌ದಾ ಡಬ್ಬಿ ತೆರೆದಾಗ ಅದೆಲ್ಲ ಏನೂ ಅಲ್ಲವೆನಿಸಿತು. ಆ ವಾಸನೆ ಮೂಗಿಗಿಂತ ಮೊದಲು ನಾಲಗೆಗೆ ಬಂತು. ಬೂದುಬಣ್ಣದ ಲೋಳೆಯನ್ನು ಸೌಟಿನಲ್ಲಿ ಎತ್ತಿ ಗೂಟಕ್ಕೆ ಮೆತ್ತಿದರು. ಹಳೆಯ ಕಾರ್ಡು ನನ್ನ ಕೈಗಿತ್ತು, ಹೊಸದನ್ನು ಹಾಕಿ, ಕ್ಯಾಮೆರಾದ ಹಿಂದೆ ಹೋಗಿ ನಿಂತರು.

"ಇಲ್ಲಿ ನೀವೇ ಮಾಡಿ ದೀದಿ," ಎಂದರು. "ನಾನು ಹೇಳಿದ್ದು ನೀವು ನಂಬಲ್ಲ."

ಮಾಡಿದೆ. ಟಾರ್ಚು ಆರಿಸಿ, ಗೂಟದ ಪಕ್ಕದಿಂದ ಕೈಕಾಲೂರಿ ಹೊರಟೆ. ಅಂಗೈಗೆ ಕೆಸರು, ಪ್ಲಾಸ್ಟಿಕ್, ಕೊಳೆತ ಗಡ್ಡೆಯಂಥದ್ದೇನೋ ಸಿಕ್ಕಿ ಪಿಚಕ್ಕೆಂದು ಒಡೆಯಿತು. ದೂರದ ಪಂಪ್‌ಹೌಸಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ.

ನಾಲ್ಕಡಿ ಹೋಗಿರಬಹುದು... ಹಿಂದಿನಿಂದ ನೆಕ್ಕುವ ಸದ್ದು ಕೇಳಿಸಿತು.

ಚಪ್... ಚಪ್... ಆತುರವಿಲ್ಲದ, ಒದ್ದೆಯಾದ ಸದ್ದು. ಗೂಟ ಕಟಕಟನೆ ಅಲ್ಲಾಡುತ್ತಿತ್ತು. ನನಗೆ ಭಯವಾಗಲಿಲ್ಲ, ಖುಷಿಯಾಯಿತು. ಮನುಷ್ಯರಿರುವಾಗಲೇ ಬಾಘ್ರೋಲ್ ಬಂದಿದೆ, ಓಡಿಸಬಾರದು ಎಂದು ಉಸಿರು ಹಿಡಿದು ಹಾಗೆಯೇ ನಿಂತೆ.

ಸದ್ದು ನಿಂತಿತು.

ಆಮೇಲೆ ನನ್ನ ಬಲಗಾಲಿನ ಹಿಮ್ಮಡಿಗೆ ಬಿಸಿಯಾದ ಏನೋ ತಾಗಿತು. ಹಿಮ್ಮಡಿಯಿಂದ ಮೀನಖಂಡದ ಮೇಲೆ ಹಾದು ಮೊಣಕಾಲಿನ ಹಿಂಬದಿಯವರೆಗೆ, ಒಂದೇ ಎಳೆತದಲ್ಲಿ, ನಿಧಾನವಾಗಿ ಮೇಲೆ ಬಂತು. ಬೆಕ್ಕಿನ ಜಾತಿಯ ನಾಲಗೆ ಗರಗಸದಂತೆ ಒರಟಾಗಿರುತ್ತದೆ. ಗಾಯಗೊಂಡ ಬಾಘ್ರೋಲ್‌ಗಳನ್ನು ಹಿಡಿದವಳು ನಾನು, ನನಗೆ ಗೊತ್ತು. ಇದು ನುಣುಪಾಗಿತ್ತು. ನನ್ನ ಅಂಗೈಯಷ್ಟು ಅಗಲವಿತ್ತು.

"ದೀದಿ," ಕತ್ತಲಿನಿಂದ ನಿಮಾಯ್‌ದಾ ಪಿಸುಗುಟ್ಟಿದರು. "ತಿರುಗಬೇಡಿ. ಹಾಗೇ ಮುಂದೆ ಹೋಗಿ."

ಹೋದೆ. ಅವರು ಟಾರ್ಚು ಹಾಕಿದಾಗ ಏರಿಯ ಮೇಲೆ ನಾವಿಬ್ಬರೇ. ಗೂಟ ತೊಳೆದಿಟ್ಟಂತೆ ಬೋಳಾಗಿತ್ತು. ನನ್ನ ಕಾಲಿನಿಂದ ನೂಲಿನಂಥ ಜೊಲ್ಲು ಇಳಿಯುತ್ತಿತ್ತು, ಅದರಲ್ಲಿ ಮೀನಿನ ಚಿಪ್ಪುಗಳಿದ್ದವು. ನಾನು ಅಲ್ಲೇ ವಾಂತಿ ಮಾಡಿದೆ. ಅವರು ಬಾಟಲಿಯ ನೀರು ಸುರಿದು ಕಾಲು ತೊಳೆಸಿದರು. ಮೊದಲೇ ಎರಡು ಬಾಟಲಿ ತಂದಿದ್ದರು.

"ಏನದು?"

"ನನಗೂ ಕಾಣಲ್ಲ ದೀದಿ. ಗೂಟ ಅಲ್ಲಾಡೋದು ಮಾತ್ರ ಕಾಣುತ್ತೆ."

"ನಿಮಗೂ ಹೀಗೇ ಆಗುತ್ತಾ?"

"ಪ್ರತಿ ಬುಧವಾರ."

"ಹೇಳಲಿಲ್ಲ ಯಾಕೆ?"

"ಫಾರಮ್ಮಿನಲ್ಲಿ ಅದಕ್ಕೆ ಜಾಗ ಎಲ್ಲಿದೆ?"

ಹೊಸ ಕಾರ್ಡನ್ನೂ ಕಿತ್ತು ನನಗೆ ಕೊಟ್ಟರು. ಅಂದು ಹನ್ನೆರಡಕ್ಕೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಎರಡೂ ಕಾರ್ಡು ಹಿಡಿದು ಇರ್ಫಾನ್ ಮುಂದೆ ಕೂತೆ. ಚಿತ್ರಗಳ ಲೆಕ್ಕ ನೋಡುವವನು ಅವನು, ಹುಬ್ಬಳ್ಳಿಯ ಹುಡುಗ. ಕಾರ್ಡುಗಳಿಂದ ಬಂದದ್ದನ್ನೆಲ್ಲ ಒಂದು ಸಾಫ್ಟ್‌ವೇರ್ ಸೋಸುತ್ತದೆ. ಪ್ರಾಣಿ ಇದ್ದರೆ ನಮಗೆ ತೋರಿಸುತ್ತದೆ. ಬರೀ ಮನುಷ್ಯರಿದ್ದರೆ, ಅಥವಾ ಏನೂ ಇಲ್ಲದಿದ್ದರೆ, ಬೇರೆಡೆ ತಳ್ಳುತ್ತದೆ. ಆ ತಳ್ಳಿದ ಚಿತ್ರಗಳನ್ನು ತೋರಿಸು ಎಂದೆ.

"ಖಾಲಿ ಫೋಟೋ ಯಾರ್ ನೋಡ್ತಾರ್ರಿ ಮೇಡಂ? ಶುಕ್ರವಾರ ಸಂಜಿಗೆ ತಾನ ಅಳಿಸಿ ಹೋಗ್ತಾವು. ನೀವ ಹಂಗ ಇಡು ಅಂದಿದ್ರಿ."

ಹೌದು, ನಾನೇ ಹೇಳಿದ್ದು. ಐದು ತಿಂಗಳಲ್ಲಿ ಒಮ್ಮೆಯೂ ಅದನ್ನು ತೆರೆದು ನೋಡಿರಲಿಲ್ಲ. ಹಿಂದಿನ ವಾರಗಳದ್ದೆಲ್ಲ ಅಳಿಸಿಹೋಗಿತ್ತು. ಕೈಯಲ್ಲಿದ್ದದ್ದು ಈ ಎರಡು ಕಾರ್ಡು.

ಹೊಸದರಲ್ಲಿ ಮೂರು ಚಿತ್ರ. ಮೊದಲನೆಯದರಲ್ಲಿ ನಾನು, ನನ್ನ ಹಿಂದೆ ಎರೆ ಮೆತ್ತಿದ ಗೂಟ. ಎರಡನೆಯದರಲ್ಲಿ ಎರೆ ಅರ್ಧವಾಗಿದೆ. ಮೂರನೆಯದರಲ್ಲಿ ಗೂಟ ಬೋಳಾಗಿದೆ. ಮೂರರಲ್ಲೂ ಗೂಟದ ಸುತ್ತ ಏನೂ ಇಲ್ಲ. ಹಳೆಯ ಕಾರ್ಡಿನಲ್ಲಿ ಹಿಂದಿನ ಬುಧವಾರದ ನಿಮಾಯ್‌ದಾ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಅಂಬೆಗಾಲಿಡುತ್ತಿದ್ದಾರೆ. ಅವರ ಹಿಂದೆಯೂ ಹಾಗೆಯೇ ಎರೆ ಕರಗಿದೆ. ಉಳಿದ ರಾತ್ರಿಗಳದ್ದು ಬರಿಗೂಟ: ಒಂದು ಚಿತ್ರದಲ್ಲಿ ನೆಟ್ಟಗೆ, ಮುಂದಿನದರಲ್ಲಿ ವಾಲಿ, ಮತ್ತೆ ನೆಟ್ಟಗೆ. ಜೊಂಡಿನ ಒಂದು ಎಲೆಯೂ ಅಲುಗಿಲ್ಲ.

ಇರ್ಫಾನ್ ಚಿತ್ರಗಳನ್ನು ಮೊದಲಿಂದ ಮತ್ತೊಮ್ಮೆ ಓಡಿಸಿ ನೋಡಿದ. ಆಮೇಲೆ, "ಇದನ್ನ ಅಳಿಸಿಬಿಡ್ಲೇನ್ರಿ?" ಎಂದ. ಬೇಡ, ಹನ್ನೊಂದರದ್ದು ಏನನ್ನೂ ಇನ್ನು ಅಳಿಸಬೇಡ ಎಂದೆ.

ಷರಾ ಹರಿದು ಹಾಕಿದೆ. ನಿಮಾಯ್‌ದಾ ಹೋಗುತ್ತಾರೆ, ಕೆಲಸ ಮಾಡುತ್ತಾರೆ ಎಂದು ಹೊಸದಾಗಿ ಬರೆದೆ. ಹಾಗಾದರೆ ಎರೆ ತಿನ್ನುತ್ತಿರುವುದು ಯಾವ ಪ್ರಾಣಿ ಎಂದು ದೆಹಲಿಯವರು ಕೇಳಿದರು. ಅವರ ಫಾರಮ್ಮಿನಲ್ಲಿ ಪ್ರಾಣಿಗಳ ಪಟ್ಟಿಯಿದೆ, ಒಂದನ್ನು ಆರಿಸದೆ ಅದು ಮುಂದೆ ಹೋಗುವುದಿಲ್ಲ. ಗೊತ್ತಿಲ್ಲ ಎಂಬುದು ಆ ಪಟ್ಟಿಯಲ್ಲಿಲ್ಲ. ತಿಂಗಳು ಮುಗಿಯಲು ಎರಡು ದಿನವಿತ್ತು. ಕಾಣದ ಪ್ರಾಣಿಯ ಹೆಸರನ್ನು ನಾನು ಅದುವರೆಗೆ ಎಂದೂ ದಾಖಲಿಸಿದವಳಲ್ಲ. ಅಂದು ನಾಯಿ ಎಂದು ಆರಿಸಿದೆ. ಎದ್ದು ಹೋಗಿ ಕೈ ತೊಳೆದುಕೊಂಡೆ. ಅಂದಿನ ಆ ಕೆಸರಿಗಿಂತ ಈ ಕೆಲಸಕ್ಕೆ ನನಗೆ ಹೆಚ್ಚು ಹೇಸಿಗೆಯಾಗಿತ್ತು.

ಗುತ್ತಿಗೆ ಒಂದು ವರ್ಷಕ್ಕೆ ಮುಂದುವರಿಯಿತು. ಜೊತೆಗೆ ಒಂದು ಆದೇಶವೂ ಬಂತು. ಬೀದಿನಾಯಿಯಿಂದ ಕಾಡುಬೆಕ್ಕಿಗೆ ರೋಗ ಹರಡಬಹುದಾದ್ದರಿಂದ, ನಾಯಿ ಕಂಡ ಕಡೆ ವಾರಕ್ಕೆರಡು ಸಲ ಹೋಗಬೇಕು.

ನಿಮಾಯ್‌ದಾ ಅದನ್ನು ಓದಿ ಮಡಚಿದರು.

"ನಾಯಿ ಅಂತ ಬರೆದ್ರಾ ದೀದಿ?"

"ಹೌದು. ಬೇರೆ ದಾರಿ ಇರಲಿಲ್ಲ."

"ನಾಯಿಯಾಗಿದ್ರೆ ಒಂದು ಕೋಲು ಹಿಡ್ಕೊಂಡು ಹೋಗ್ತಿದ್ದೆ," ಎಂದರು.

ಹನ್ನೊಂದನ್ನು ಬೇರೆ ಜಾಗಕ್ಕೆ ಸರಿಸಲು ಎರಡು ಸಲ ಬರೆದಿದ್ದೇನೆ. ಕಾರಣ ಸಾಲದು ಎಂದು ಎರಡು ಸಲವೂ ವಾಪಸು ಬಂದಿದೆ. ನಾನು ಆ ಏರಿಗೆ ಮತ್ತೆ ಹೋಗಿಲ್ಲ. ಬೂಟಿನೊಳಗೆ ದಪ್ಪ ಕಾಲುಚೀಲ ಹಾಕಿಕೊಂಡೇ ಇರುತ್ತೇನೆ. ಸಂಜೆ ಏಳರ ಸುಮಾರಿಗೆ ಬಲಗಾಲು ಒದ್ದೆಯಾದಂತೆನಿಸುತ್ತದೆ... ಮುಟ್ಟಿ ನೋಡಿದರೆ ಒಣಗಿರುತ್ತದೆ.

ಕಳೆದ ಶನಿವಾರ ಹನ್ನೊಂದರಿಂದ ತೆಗೆದ ಕಾರ್ಡು ಸೋಮವಾರ ಬಂತು. ನಿಮಾಯ್‌ದಾ ಅವರೇ ತಂದುಕೊಟ್ಟರು. ಚಹಾ ಬೇಡವೆಂದು, ಕೂರದೆ, ಹೊರಟುಹೋದರು. ಅದರಲ್ಲಿ ಅದರ ಹಿಂದಿನ ಬುಧವಾರ ಅವರು ಅಂಬೆಗಾಲಿಡುವ ಮೂರು ಚಿತ್ರಗಳಿವೆ. ಮೊದಲನೆಯದರಲ್ಲಿ ಅವರು ಗೂಟದಿಂದ ಐದಡಿ ಮುಂದಿದ್ದಾರೆ. ಎರಡನೆಯದರಲ್ಲಿ ಮೂರಡಿ. ಮೂರನೆಯದರಲ್ಲಿ ಗೂಟದ ಪಕ್ಕದಲ್ಲೇ ಇದ್ದಾರೆ. ಬಲಗಾಲು ನೆಲ ಬಿಟ್ಟು ಹಿಂದಕ್ಕೆ ನೆಟ್ಟಗೆ ಚಾಚಿದೆ. ಮುಂದಿನ ಕೆಸರಿನಲ್ಲಿ ಹತ್ತು ಬೆರಳುಗಳ ಗೀರಿದೆ. ಗೂಟದ ಮೇಲಿನ ಎರೆ ಇಟ್ಟಂತೆಯೇ ಇದೆ.

ಕಾರ್ಡಿನ ಜೊತೆಗಿದ್ದ ಫಾರಮ್ಮಿನಲ್ಲಿ, ಕಂಡ ಪ್ರಾಣಿ ಎಂಬಲ್ಲಿ, ನಿಮಾಯ್‌ದಾ ತಮ್ಮ ಕೈಯಾರೆ ಬರೆದಿದ್ದಾರೆ: ನಾಯಿ, ಒಂದು.