ಒಳಗಿನ ಚಿಲಕ

ತುಳುವರ ಆಷಾಢವಾದ ಆಟಿ ತಿಂಗಳ ಮಳೆ ಹೊಯ್ಯುತ್ತಿದ್ದ ಒಂದು ಭಾನುವಾರ, ಗುರುವಾಯನಕೆರೆಯ ಉನೈಸನ ಹಾರ್ಡ್‌ವೇರ್ ಅಂಗಡಿಗೆ ಬಂದ ಸುಂದರಕ್ಕ ಕೊಡೆ ಮಡಚುವ ಮೊದಲೇ ಒಂದು ಬಕೆಟ್ ನೀರು ಕೇಳಿದರು.

"ಈ ಮಳೆಯಲ್ಲೂ ಅಷ್ಟು ಬಾಯಾರಿಕೆಯಾ ಅಕ್ಕ?"

"ಕುಡಿಯಲಿಕ್ಕಲ್ಲ ಮಾರಾಯ, ಕೈ ಒದ್ದೆ ಮಾಡ್ಲಿಕ್ಕೆ. ನಿನ್ನಲ್ಲಿ ಎಷ್ಟು ನಮೂನೆ ಚಿಲಕ ಉಂಟೋ ಎಲ್ಲ ಮೇಜಿನ ಮೇಲೆ ಹಾಕು."

ಬಾಗಿಲಿನ ಬಣ್ಣಕ್ಕೆ ಹೊಂದುವ ಚಿಲಕ ಕೇಳಿದವರನ್ನು ಉನೈಸ್ ನೋಡಿದ್ದ. ನೆರೆಮನೆಯದ್ದಕ್ಕಿಂತ ದೊಡ್ಡದು ಕೊಡಿ ಎಂದವರನ್ನೂ ನೋಡಿದ್ದ. ಒದ್ದೆ ಕೈಯಲ್ಲಿ ಚಿಲಕ ಪರೀಕ್ಷೆ ಮಾಡುವ ಗಿರಾಕಿ ಇವರೇ ಮೊದಲು.

ಸುಂದರಕ್ಕ ಅಲ್ಲಿಂದ ಎರಡು ಮೈಲಿ ಒಳಗಿನ ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರು. ತವರು ಕಲ್ಲಡ್ಕದ ಕಡೆ. ಏಳನೇ ಕ್ಲಾಸಿನಲ್ಲಿ ಶಾಲೆ ಬಿಟ್ಟದ್ದು ಬೀಡಿ ಕಟ್ಟಲಿಕ್ಕೆ ಅಂತ ಊರೆಲ್ಲ ನಂಬಿತ್ತು. ನಿಜವಾದ ಕಾರಣ ಅವರ ಅಮ್ಮನಿಗೆ ಮಾತ್ರ ಗೊತ್ತಿತ್ತು. ಕಕ್ಕಸು ಇಲ್ಲದ ಆ ಶಾಲೆಯ ಹುಡುಗಿಯರಿಗೆ ಗುಡ್ಡೆಯ ಪೊದೆಯೇ ಗತಿ. ಒಂದು ದಿನ ಮೇಲಿನಿಂದ ಹುಡುಗರು ಕೇಕೆ ಹಾಕಿ ಕಲ್ಲು ಬಿಸಾಡಿದರು. ಮರುದಿನದಿಂದ ಸುಂದರಿ ಹೋಗಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಒಂದು ಗೆರೆ ಎಳೆದರು, ಮುಗಿಯಿತು. ಹುಡುಗರ ಹೆಸರಿನ ಮೇಲೆ ಯಾರೂ ಏನೂ ಎಳೆಯಲಿಲ್ಲ.

ಈಗಿನ ಶಾಲೆಯಲ್ಲಿ ಪೊದೆಯ ಕಾಲ ಮುಗಿದಿದೆ. ಟೈಲ್ಸ್ ಹಾಕಿದ ಕಕ್ಕಸು ಉಂಟು, ಗೋಡೆಯ ಮೇಲೆ ಸ್ವಚ್ಛತೆಯ ಚಿತ್ರ ಉಂಟು, ದಾನಿಗಳ ಹೆಸರು ಕೆತ್ತಿದ ಕಲ್ಲೂ ಉಂಟು. ಆದರೆ ಜೂನ್‌ನಲ್ಲಿ ಶಾಲೆ ಶುರುವಾದಾಗಿನಿಂದ ಹುಡುಗಿಯರ ಸಾಲಿಗೆ ಹೋದ ಮಜ್ಜಿಗೆ ಪಾತ್ರೆ ತುಂಬಿದ ಹಾಗೆಯೇ ವಾಪಸು ಬರುತ್ತಿತ್ತು. ಸಾಂಬಾರು ಬಡಿಸಲು ಹೋದರೂ ಬಟ್ಟಲಿಗೆ ಕೈ ಅಡ್ಡ. ಮಕ್ಕಳು ಒಣ ಅನ್ನ ನುಂಗುತ್ತಿದ್ದವು. ಸುಂದರಕ್ಕ ಮೊದಲು ತನ್ನ ಕೈರುಚಿಯ ಮೇಲೇ ಸಂಶಯಪಟ್ಟರು. ಉಪ್ಪು ಕಡಿಮೆ ಮಾಡಿದರು, ಶುಂಠಿ ಜಜ್ಜಿ ಹಾಕಿದರು. ಕೊನೆಗೆ ಆರನೇ ಕ್ಲಾಸಿನ ಪ್ರಾಪ್ತಿಯನ್ನು ಹಿಡಿದು ನಿಲ್ಲಿಸಿದರು.

"ಮಜ್ಜಿಗೆ ಹುಳಿಯಾ ಮಗಾ?"

"ಒಳ್ಳೆದುಂಟು ಅಕ್ಕ. ಕುಡಿದ್ರೆ ಮತ್ತೆ ಹೋಗ್ಬೇಕಾಗ್ತದಲ್ಲ."

"ಹೋಗು. ಅದಕ್ಕೆಂಥ?"

"ಒಳಗೆ ಚಿಲಕ ಇಲ್ಲ. ಒಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಬೇಕು. ಬೀಗದ ಕೈ ಕೇಳ್ಲಿಕ್ಕೆ ಆಫೀಸಿಗೆ ಹೋಗ್ಬೇಕು. ಅಲ್ಲಿ ಯಾರ್ಯಾರೋ ಕೂತಿರ್ತಾರೆ." ಪ್ರಾಪ್ತಿ ತಲೆ ತಗ್ಗಿಸಿದಳು. "ಸಂಜೆ ಮನೆಗೆ ಹೋಗಿಯೇ ಹೋಗುದು."

ಸುಂದರಕ್ಕ ಸೌಟು ಕೆಳಗಿಟ್ಟು ಹೋಗಿ ನೋಡಿದರು. ಬಾಗಿಲ ಹೊರಗೆ ಹೆಬ್ಬೆರಳು ದಪ್ಪದ ಕಬ್ಬಿಣದ ಸರಳಿನ ಆಲ್‌ಡ್ರಾಪ್, ಅದಕ್ಕೆ ತೂಗುವ ಬೀಗ. ಒಳಗೆ ಚಿಲಕ ಕಿತ್ತ ಜಾಗದಲ್ಲಿ ನಾಲ್ಕು ತೂತು. ನಮ್ಮ ಊರಿನ ಜನ ಚಿನ್ನದಂಗಡಿಗೆ ಮೂರು ಬೀಗ ಹಾಕುತ್ತಾರೆ, ಕಾಣಿಕೆ ಡಬ್ಬಿಗೆ ಎರಡು, ತೋಟದ ಪಂಪ್ ಶೆಡ್ಡಿಗೂ ಒಂದು. ಇಲ್ಲಿ ಟೈಲ್ಸ್‌ಗೆ ರಕ್ಷಣೆ ಇತ್ತು, ಮಗುವಿಗೆ ಇರಲಿಲ್ಲ. ಯಾರೂ ಉಪಯೋಗಿಸದ ಕಕ್ಕಸು ಸದಾ ಸ್ವಚ್ಛ. ಅದರ ಫೋಟೋ ತೆಗೆದು ಮೇಲಿನವರಿಗೆ ಕಳಿಸಿ ಶಹಬ್ಬಾಸ್ ಪಡೆಯುವ ವಿದ್ಯೆ ನಮಗೆ ಕರಗತ.

ಶಾಲಾ ಸಮಿತಿಯ ಸಭೆಗೆ ಚಹಾ ಕೊಡಲು ಹೋದ ಸುಂದರಕ್ಕ ಟ್ರೇ ಇಟ್ಟು ಅಲ್ಲೇ ನಿಂತರು. ವಿಷಯ ಹೇಳಿದರು. ಹೆಡ್‌ಮಾಸ್ಟ್ರು ಶೇಖರ ಕೆಟ್ಟವರಲ್ಲ, ಹೆದರುಪುಕ್ಕಲು ಅಷ್ಟೆ.

"ಹೋದ ಮಳೆಗಾಲದಲ್ಲಿ ಒಂದನೇ ಕ್ಲಾಸಿನ ನವ್ಯಾ ಒಳಗೆ ಸಿಕ್ಕಿಬಿದ್ದದ್ದು ನೆನಪುಂಟಲ್ಲ ಸುಂದರಿ? ಚಿಲಕ ಬಿಗಿದು, ಬಾಗಿಲು ಒಡೆಯಬೇಕಾಯ್ತು. ಅದಕ್ಕೇ ತೆಗೆಸಿದ್ದು. ಏನಾದ್ರೂ ಆದ್ರೆ ಪೇಪರಿನಲ್ಲಿ ನನ್ನ ಹೆಸರು ಬರ್ತದೆ."

"ಅಡುಗೆಯವರಿಗೆ ಚಿಲಕದ ಚಿಂತೆ ಎಂಥಕ್ಕೆ?" ಸಮಿತಿಯ ಅಧ್ಯಕ್ಷ ಮನೀಷ್ ನಕ್ಕ. "ಮಗು ಹಾಕಬೇಕು, ದೊಡ್ಡವರು ಹೊರಗಿನಿಂದ ತೆಗೆಯಬೇಕು, ಮಳೆಗೆ ಬಿಗಿಯಬಾರದು. ಅಂಥ ಚಿಲಕ ಇದ್ರೆ ತನ್ನಿ, ಹಾಕುವ. ಆಗಸ್ಟ್ ಹದಿನೈದರೊಳಗೆ. ಆಗದಿದ್ರೆ ಈ ಮಾತು ಮತ್ತೆ ಎತ್ತಬಾರದು."

"ಆಯ್ತು," ಎಂದರು ಸುಂದರಕ್ಕ. "ಚಹಾ ತಣಿತದೆ, ಕುಡಿಯಿರಿ. ನಿಮಗೆ ಎಲ್ಲಿ ಬೇಕಾದ್ರೂ ಹೋಗ್ಬಹುದಲ್ಲ."

ಆ ಮಾತಿನ ಮೇಲೆ ಬಂದದ್ದು ಉನೈಸನ ಅಂಗಡಿಗೆ. ಕಬ್ಬಿಣದ ಬೋಲ್ಟನ್ನು ನೋಡಿಯೇ ತಳ್ಳಿದರು: "ಒಂದು ಮಳೆಗಾಲಕ್ಕೆ ತುಕ್ಕು." ಅಲ್ಯೂಮಿನಿಯಮ್ ಬೋಲ್ಟು ಹೆಬ್ಬೆರಳಿಗೇ ಬಾಗಿತು. ಸ್ಟೀಲಿನದ್ದು ಗಟ್ಟಿ. ಸುಂದರಕ್ಕ ಕೈಯನ್ನು ಬಕೆಟ್ಟಿಗೆ ಅದ್ದಿ, ಕಿರುಬೆರಳು ಉಂಗುರಬೆರಳು ಎರಡರಲ್ಲೇ ಅದನ್ನು ಸರಿಸಲು ನೋಡಿದರು. ಜಾರಿತು.

"ಎಂಥ ಸರ್ಕಸ್ ಅಕ್ಕ ಇದು?"

"ಒಂದನೇ ಕ್ಲಾಸಿನ ಮಗುವಿನ ಕೈಗೆ ಇಷ್ಟೇ ಬಲ. ಕೈ ತೊಳೆದ ಮೇಲೆ ತೆಗಿಬೇಕಲ್ಲ? ಬಿಗಿದ ಚಿಲಕ, ಒದ್ದೆ ಕೈ. ನವ್ಯಾ ಸಿಕ್ಕಿಬಿದ್ದದ್ದು ಹೀಗೇ."

ಉನೈಸನ ನಗು ನಿಂತಿತು. ಅವನ ಮಗಳು ಶಹಲಾ ಈಗಷ್ಟೇ ಎರಡನೇ ಕ್ಲಾಸು. ಏಣಿ ಹತ್ತಿ, ಮೇಲಿನ ಅಟ್ಟದಿಂದ ಧೂಳು ಹಿಡಿದ ಒಂದು ಪೆಟ್ಟಿಗೆ ಇಳಿಸಿದ.

"ಮಿಜಾರಿನ ಒಂದು ಹಾಸ್ಟೆಲಿಗೆ ತರಿಸಿದ್ದು, ಕೆಲವು ಉಳಿದಿವೆ. ನೋಡಿ."

ಒಳಗೆ ಅಗಲವಾದ ಹಿಡಿ, ತಿರುಗಿಸಿದರೆ ನಾಲಗೆ ಹೊರಗೆ ಬರುತ್ತದೆ. ಹೊರಗಿನ ಬದಿಯಲ್ಲಿ ಒಂದು ಗೀರು. ಅದಕ್ಕೆ ನಾಣ್ಯ ಇಟ್ಟು ತಿರುಗಿಸಿದರೆ ಹೊರಗಿನಿಂದಲೂ ತೆರೆಯುತ್ತದೆ. ಒಳಗೆ ಜನ ಇದ್ದರೆ ಹೊರಗೆ ಕೆಂಪು, ಇಲ್ಲದಿದ್ದರೆ ಹಸಿರು. ಸುಂದರಕ್ಕ ಒದ್ದೆ ಕೈಯ ಎರಡು ಬೆರಳಲ್ಲಿ ತಿರುಗಿಸಿದರು. ಟಕ್ಕೆಂದಿತು. ಮತ್ತೆ ತಿರುಗಿಸಿದರು. ಹತ್ತು ಸಲ.

"ನಾಲ್ಕು ಕೊಡು. ನಾಲಗೆ ಉದ್ದ ಇರುವುದನ್ನೇ ಆರಿಸು. ಬೇಸಿಗೆಗೆ ಮರ ಕುಗ್ಗಿದರೂ ತಪ್ಪಬಾರದು."

"ಅಕ್ಕ, ನಾಳೆಯಿಂದ ಅಡುಗೆ ಬಿಟ್ಟು ನನ್ನ ಅಂಗಡಿಗೇ ಕೆಲಸಕ್ಕೆ ಬನ್ನಿ."

ಇನ್ನು ಉಳಿದದ್ದು ಮರದ ಕೆಲಸದ ಆಚಾರಿ. ಅಣ್ಣು ಆಚಾರಿ ಕೈ ಅಲ್ಲಾಡಿಸಿದ. "ಆಟಿಯಲ್ಲಿ ಯಾರಾದ್ರೂ ಹೊಸ ಕೆಲಸ ಹಿಡಿತಾರಾ? ಆಟಿ ಕಳೆದು ಸೋಣ ತಿಂಗಳು ಬರಲಿ, ನೋಡುವ."

"ಆಟಿಯಲ್ಲಿ ಮಕ್ಕಳಿಗೆ ಮೂತ್ರ ಬರುದಿಲ್ವಾ ಅಣ್ಣು?"

ಸುಂದರಕ್ಕ ಬಿಡಲಿಲ್ಲ. "ನಿಮ್ಮ ಶಾಸ್ತ್ರದಿಂದಲೇ ಆದದ್ದು ಇದು. ಆಟಿಯಲ್ಲಿ ಕೆಲಸ ಹಿಡಿಯುದಿಲ್ಲ ಅಂತ ಎಲ್ಲ ಬಾಗಿಲನ್ನೂ ಬೇಸಿಗೆಯಲ್ಲೇ ಕೂರಿಸ್ತೀರಿ. ಒಣ ಮರದ ಅಳತೆಗೆ ತೂತು ಕೊರಿತೀರಿ. ಮಳೆಗೆ ಮರ ಉಬ್ಬಿದಾಗ ಚಿಲಕ ಬಿಗಿತದೆ. ನನ್ನ ಅಡುಗೆಕೋಣೆಯ ಬಾಗಿಲು ಹನ್ನೆರಡು ವರ್ಷದಿಂದ ಇದನ್ನೇ ಹೇಳ್ತಾ ಉಂಟು. ಮರ ಉಬ್ಬಿ ನಿಂತಿರುವಾಗಲೇ ಅಳತೆ ತೆಗಿ."

ಅಣ್ಣುವಿನ ತಂದೆಯೂ ಅಜ್ಜನೂ ಬೇಸಿಗೆಯಲ್ಲೇ ಬಾಗಿಲು ಕೂರಿಸಿದವರು. ಅಣ್ಣು ಎದ್ದು ತನ್ನ ಮನೆಬಾಗಿಲಿನ ಉಬ್ಬಿದ ಅಂಚಿನ ಮೇಲೆ ಬೆರಳಾಡಿಸಿ ನೋಡಿದ. ಆಮೇಲೆ ಉಳಿಯ ಚೀಲ ಹೆಗಲಿಗೆ ಹಾಕಿಕೊಂಡ.

ಆಟಿಯ ಮಳೆಯಲ್ಲೇ ಕೆಲಸ ನಡೆಯಿತು. ಸುಂದರಕ್ಕನ ಸೆರಗಿನ ತುದಿಯಲ್ಲಿ ಗಂಟು ಹಾಕಿದ ಒಂದು ದಾರ ಇತ್ತು. ನೆಲದಿಂದ ನವ್ಯಾಳ ಭುಜದವರೆಗೆ ಅಳೆದು ಹಾಕಿದ ಗಂಟು. ಚಿಲಕ ಕೂತದ್ದು ಆ ಗಂಟಿನ ಮಟ್ಟಕ್ಕೆ. ಅಣ್ಣು ಉಬ್ಬಿದ ಅಂಚನ್ನು ಕೀಸುಳಿಯಿಂದ ತೆಳ್ಳಗೆ ಹೆರೆದು, ಬಾಗಿಲು ಕೂರುವ ದಾರಂದದಲ್ಲಿ ನಾಲಗೆಯ ತೂತನ್ನು ಮೇಲೆ ಕೆಳಗೆ ಉದ್ದ ಮಾಡಿದ.

ಪರೀಕ್ಷೆಗೆ ಸಮಿತಿಯೇ ಬಂದು ನಿಂತಿತು. ಈಗ ಎರಡನೇ ಕ್ಲಾಸಿನಲ್ಲಿರುವ ನವ್ಯಾ ಬಾಗಿಲ ಮುಂದೆ ಕಾಲು ಹಿಂದೆಗೆದಳು. ಹೋದ ವರ್ಷದ ಕತ್ತಲೆ ಅವಳು ಮರೆತಿರಲಿಲ್ಲ. ಸುಂದರಕ್ಕ ಬಾಗಿ ಅವಳ ಕೈಗೆ ನೀರು ಹಾಕಿದರು. "ಹೆದರ್ಬೇಡ ಮಗಾ. ನೀನು ತೆಗಿಬಹುದು. ನಿನಗೆ ಆಗದಿದ್ರೆ ನನ್ನ ಕೈಯಲ್ಲಿ ನಾಣ್ಯ ಉಂಟು."

ನವ್ಯಾ ಒಳಗೆ ಹೋದಳು. ಟಕ್. ಹೊರಗೆ ಕೆಂಪು.

"ಎಳೆಯಿರಿ ಅಧ್ಯಕ್ಷರೇ," ಎಂದರು ಸುಂದರಕ್ಕ.

ಮನೀಷ್ ಒಂದು ಕೈಯಲ್ಲಿ ಎಳೆದ, ಎರಡೂ ಕೈಯಲ್ಲಿ ಎಳೆದ, ಕಾಲು ಗೋಡೆಗೆ ಕೊಟ್ಟು ಎಳೆದ. ಬಾಗಿಲು ಮಿಸುಕಲಿಲ್ಲ. ಒಳಗಿನಿಂದ ಕೂಗು ಬಂತು: "ಒಳಗೆ ಆಳು ಉಂಟು!"

ಸಾಲಾಗಿ ನಿಂತ ಹುಡುಗಿಯರು ಬಿದ್ದು ಬಿದ್ದು ನಕ್ಕರು. ನವ್ಯಾ ತಾನೇ ತೆಗೆದು ಹೊರಬಂದು, ಇನ್ನೊಮ್ಮೆ ಒಳಗೆ ಹೋಗಿ ಹಾಕಿಕೊಂಡಳು. ಶೇಖರ ಮಾಸ್ಟ್ರು ಕಿಸೆಯಿಂದ ನಾಣ್ಯ ತೆಗೆದು ಗೀರಿಗಿಟ್ಟು ತಿರುಗಿಸಿದರು, ಹಸಿರಾಯಿತು. ಒಂದು ವರ್ಷದಿಂದ ಹಿಡಿದಿಟ್ಟ ಉಸಿರನ್ನು ಅವರು ಆಗ ಬಿಟ್ಟರು.

"ಅಣ್ಣು, ಹೊರಗಿನದ್ದು ಬಿಚ್ಚು," ಎಂದರು ಸುಂದರಕ್ಕ.

"ಆಲ್‌ಡ್ರಾಪ್ ಇರಲಿ ಸುಂದರಿ, ಇನ್‌ಸ್ಪೆಕ್ಷನ್ ಬಂದ್ರೆ ಗಲೀಜು..." ಎಂದರು ಶೇಖರ ಮಾಸ್ಟ್ರು.

"ಗಲೀಜಾದ್ರೆ ತೊಳೆಯುವ ಸರ್. ಅದಕ್ಕೆ ನೀರು ಉಂಟು, ಪೊರಕೆ ಉಂಟು."

ಹೆಡ್‌ಮಾಸ್ಟ್ರು ಹುಡುಗಿಯರ ಸಾಲನ್ನು ನೋಡಿದರು. ಬೀಗದ ಕೈಯನ್ನು ಗೊಂಚಲಿನಿಂದ ಕಳಚಿ ಸುಂದರಕ್ಕನ ಕೈಗೆ ಕೊಟ್ಟರು. ಆಲ್‌ಡ್ರಾಪ್ ಈಗ ಅಕ್ಕಿಯ ಕೋಣೆಯ ಬಾಗಿಲಲ್ಲಿ ಉಂಟು.

ಆಗಸ್ಟ್ ಹದಿನೈದಕ್ಕೆ ಬಾವುಟ ಹಾರಿತು, ಮನೀಷ್ ಭಾಷಣ ಮಾಡಿದ, ಸಮಿತಿಯ ಸಾಧನೆಗಳಲ್ಲಿ ಚಿಲಕವನ್ನೂ ಸೇರಿಸಿಕೊಂಡ. ಸುಂದರಕ್ಕ ಅಡುಗೆಕೋಣೆಯಲ್ಲಿದ್ದರು, ಕೇಳಿಸಿಕೊಳ್ಳಲಿಲ್ಲ. ಮರುದಿನದ ಊಟಕ್ಕೆ ಹುಡುಗಿಯರ ಸಾಲಿಗೆ ಹೋದ ಮಜ್ಜಿಗೆ ಪಾತ್ರೆ ಅರ್ಧ ದಾರಿಯಲ್ಲೇ ಖಾಲಿಯಾಯಿತು. ಪ್ರಾಪ್ತಿ ಲೋಟ ಎತ್ತಿ ಹಿಡಿದಳು. "ನಂಗೆ ಇನ್ನೊಂದು ಅಕ್ಕ!"

ಸುಂದರಕ್ಕ ಉಳಿದ ಮಜ್ಜಿಗೆಗೆ ಎರಡು ಚೊಂಬು ನೀರು ಸುರಿದು ಕಲಕಿದರು.

"ತೀರ ನೀರಾಯ್ತಲ್ಲ ಸುಂದರಿ," ಎಂದರು ಶೇಖರ ಮಾಸ್ಟ್ರು.

"ಆಗಲಿ ಸರ್," ಎಂದರು ಸುಂದರಕ್ಕ, ಪ್ರಾಪ್ತಿಯ ಲೋಟ ತುಳುಕುವಷ್ಟು ತುಂಬಿಸುತ್ತಾ. "ಕುಡಿಯಲಿ."